ಕಂದು ಮೂಗು

"ಎರಡೂ ಹೆಣ್ಣು," ಅಂದ ಬಣ್ಣದವನು, ಪಂಜರದ ಸರಳಿಗೆ ಹಣೆ ಒತ್ತಿಕೊಂಡೇ.

"ಮೆಲ್ಲಗೆ ಮಾತಾಡೋ," ಅಂದಳು ಅತ್ತಿಗೆ. "ನಿಮ್ಮಣ್ಣ ಈಗ ತಾನೇ ಮಲಗಿದ್ದಾರೆ."

ಆ ಮನೆಯಲ್ಲಿ ಹಗಲೆಲ್ಲ ಪಿಸುಮಾತು. ಅಣ್ಣನಿಗೆ ಹಾಲಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಗಾದ ಮೇಲೆ ಬಂದು ನಡುಮನೆಯಲ್ಲಿ ಮಲಗಿದನೆಂದರೆ ಉಳಿದವರು ಪಾತ್ರೆ ಇಡುವುದು, ಕೆಮ್ಮುವುದು, ಜಗಳವಾಡುವುದು ಎಲ್ಲವನ್ನೂ ಗಂಟಲೊಳಗೇ ಮುಗಿಸಬೇಕು. ಪಿಸುಮಾತಿಗೊಂದು ಕೆಟ್ಟ ಗುಣವಿದೆ. ನೀರು ಕಾದಿದೆ ಅಂದರೂ ಏನನ್ನೋ ಮುಚ್ಚಿಟ್ಟುಕೊಂಡು ಹೇಳಿದ ಹಾಗೆ ಕೇಳಿಸುತ್ತದೆ. ಹುಟ್ಟಾ ಅನುಮಾನದ ಪ್ರಾಣಿಯಾದ ಬಣ್ಣದವನು ಅಂಥ ಮನೆಯಲ್ಲಿ ಬೆಳೆದದ್ದು ಯಾರಿಗೂ ಒಳ್ಳೆಯದಾಗಲಿಲ್ಲ.

ಅವನ ಕೆಲಸ ಬಣ್ಣದ ಅಂಗಡಿಯಲ್ಲಿ ಬಣ್ಣ ಕೂಡಿಸುವುದು. ಗಿರಾಕಿ ಹಳೇ ಗೋಡೆಯಿಂದ ಕೆರೆದು ತಂದ ಚೂರೊಂದನ್ನು ಮೇಜಿನ ಮೇಲಿಟ್ಟರೆ ಸಾಕು, ಅದೇ ಬಣ್ಣವನ್ನು ಡಬ್ಬದಲ್ಲಿ ಬರಿಸಿಕೊಡುತ್ತಿದ್ದ. ಜನರ ಬಾಯಿಗಿಂತ ಬಣ್ಣವನ್ನೇ ಹೆಚ್ಚು ನಂಬುವವನು. ದೂರದ ಊರಲ್ಲಿ ಕಟ್ಟುತ್ತಿದ್ದ ಹೋಟೆಲೊಂದರ ಕೆಲಸಕ್ಕೆ ಅಂಗಡಿಯವರು ಕಳಿಸಿದ್ದರಿಂದ ಕೆಲವು ತಿಂಗಳು ಮನೆ ಬಿಟ್ಟಿದ್ದು, ನಿನ್ನೆ ಸಂಜೆ ತಾನೇ ಬಂದಿದ್ದ. ಬರುವಾಗ ಕೈಯಲ್ಲಿ ಪ್ಲೈವುಡ್ಡಿನ ಚೂರುಗಳಿಂದ ತಾನೇ ಮಾಡಿದ ಗೂಡು. ಮುಂದೆ ದುಂಡನೆಯ ಕಿಂಡಿ, ಕಿಂಡಿಯ ಕೆಳಗೆ ಕೂರಲು ಒಂದು ಕಡ್ಡಿ.

ಊರೆಲ್ಲ ಲವ್ ಬರ್ಡ್ಸ್ ಅಂತ ಕರೆಯುವ ಬಡ್ಜಿ ಹಕ್ಕಿಗಳು ಪಂಜರದಲ್ಲಿದ್ದದ್ದು, ಅವನೇ ಕೊಂಡು ತಂದ ಜೋಡಿ. ಹಸಿರು ಗಂಡು, ಹಳದಿ ಹೆಣ್ಣು. ಮರಿ ಮಾಡಿಸುವ ಆಸೆ ಇದ್ದರೆ ಅವಸರ ಮಾಡಬಾರದು ಅಂತ ಹಕ್ಕಿ ಅಂಗಡಿಯವನು ಮೊದಲೇ ಪಾಠ ಹೇಳಿದ್ದ. ಹಣೆಯ ಮೇಲಿನ ಗೀರುಗಳು ಅಳಿಸಿಹೋಗಿರಬೇಕು. ಕಣ್ಣಲ್ಲಿ ಬಿಳೀ ಉಂಗುರ ಮೂಡಿರಬೇಕು. ಗಂಡು ಕೊಕ್ಕಿಗೆ ಕೊಕ್ಕು ಕೊಟ್ಟು ಹೆಣ್ಣಿಗೆ ಉಣಿಸುತ್ತಿರಬೇಕು. ಎಲ್ಲಕ್ಕಿಂತ ಮುಖ್ಯ, ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳಿರುವ ಆ ಮೆತ್ತನೆಯ ಜಾಗ. ಗಂಡಿನದು ಮಿರಿಮಿರಿ ನೀಲಿ ಇರಬೇಕು, ಹೆಣ್ಣಿನದು ಒರಟಾಗಿ ಕಂದು ಬಣ್ಣಕ್ಕೆ ತಿರುಗಬೇಕು. ಅದಕ್ಕೆ ಮುಂಚೆ ಗೂಡು ಕಟ್ಟಿದರೆ ಎಳೇ ಹೆಣ್ಣು ಮೊಟ್ಟೆ ಸಿಕ್ಕಿಕೊಂಡು ಸತ್ತೇ ಹೋಗಬಹುದು. ಬಣ್ಣದವನು ಊರು ಬಿಡುವಾಗ ಹೆಣ್ಣಿನ ಮೂಗು ಇನ್ನೂ ಬಿಳಿಚಿಕೊಂಡಿತ್ತು. "ಕಂದಾದ ದಿನ ಫೋನ್ ಮಾಡಿ ಅತ್ತಿಗೆ" ಅಂದಿದ್ದ. ಅವಳು ಮಾಡಿದ್ದಳು. ಆ ಫೋನು ಬಂದ ಸಂಜೆಯೇ ಅವನು ಗೂಡಿನ ಕೆಲಸ ಶುರು ಮಾಡಿದ್ದು.

ಬಂದು ನೋಡಿದರೆ ಹೆಣ್ಣಿನ ಮೂಗು ಕಂದು. ಗಂಡಿನ ಮೂಗೂ ಕಂದು.

"ಅದೂ ಬಲಿತಿರಬೇಕು ಕಣೋ," ಅಂದಳು ಅತ್ತಿಗೆ.

"ಗಂಡಿನ ಮೂಗು ಬಲಿತರೆ ಇನ್ನೂ ನೀಲಿ ಆಗುತ್ತೆ. ಕಂದು ಆಗಲ್ಲ."

"ಹಾಗಂತ ಹಕ್ಕಿ ಬೇರೆ ಆಗಿಬಿಡುತ್ತಾ? ದಿನಾ ಕಾಳು ಹಾಕಿದವಳು ನಾನು."

ಆ ಮಾತು ಅವನಿಗೆ ಸಮಾಧಾನ ತರಲಿಲ್ಲ. ಮೊದಲು ಅವನಿಗೆ ಹಕ್ಕಿ ಅಂಗಡಿಯವನ ಮೇಲೇ ಅನುಮಾನ ಬಂತು. ಹೆಣ್ಣುಹಕ್ಕಿಯ ಮೂಗಿಗೆ ನೀಲಿ ಬಳಿದು ಗಂಡು ಅಂತ ದಾಟಿಸಿರಬಹುದು, ಈಗ ಬಣ್ಣ ಬಿಟ್ಟಿರಬಹುದು. ಒದ್ದೆ ಹತ್ತಿಯಿಂದ ಮೂಗನ್ನು ಒರೆಸಿ ನೋಡಿದ. ಹತ್ತಿಗೆ ಏನೂ ಅಂಟಲಿಲ್ಲ. ಹೋಗಲಿ, ಬಳಿದ ಬಣ್ಣ ಯಾವುದು, ಹುಟ್ಟಿದ ಬಣ್ಣ ಯಾವುದು ಅಂತ ಅವನಿಗೆ ತಿಳಿಯದೆ ಹೋದೀತೇ? ಇದು ಹುಟ್ಟಿದ ಬಣ್ಣವೇ. ಅಲ್ಲಿಗೆ ಅಂಗಡಿಯವನು ಬಚಾವಾದ, ಅನುಮಾನ ಮನೆಯೊಳಗೆ ಕಾಲಿಟ್ಟಿತು.

ಕಾಲಿಟ್ಟ ಮೇಲೆ ಕೇಳಬೇಕೆ? ನೋಡಿದ್ದೆಲ್ಲ ಸಾಕ್ಷಿಯಾಯಿತು. ಅಡುಗೆಮನೆಯ ಕಿಟಕಿಗೆ ಹೊಸದಾಗಿ ಜಾಲರಿ ಹಾಕಿಸಿದ್ದಾರೆ. ಪಂಜರದಲ್ಲಿ ನೀರಿನ ಬಟ್ಟಲೂ ಮೊದಲಿನದಲ್ಲ. ಹಸಿರು ಹಕ್ಕಿಯಂತೂ ಗುರುತು ಸಿಕ್ಕದವರ ಮನೆಗೆ ಬಂದ ನೆಂಟನ ಹಾಗೆ ಮೂಲೆ ಹಿಡಿದು, ಗರಿ ಕೆದರಿಕೊಂಡು ಕೂತಿದೆ. ಮೊದಲಾದರೆ ಬೆರಳು ಚಾಚಿದ ಕೂಡಲೇ ಹಾರಿ ಬಂದು ಉಗುರು ಕಚ್ಚುತ್ತಿತ್ತು. ಈಗ ಬೆರಳು ಕಂಡರೆ ಕಣ್ಣು ಮುಚ್ಚುತ್ತದೆ. ಹಳದಿ ಹೆಣ್ಣು ಪಕ್ಕಕ್ಕೆ ಬಂದು ಕೊಕ್ಕು ಚಾಚಿದರೂ ಮುಖ ತಿರುಗಿಸುತ್ತದೆ.

"ಜಾಲರಿ ಯಾಕೆ ಹಾಕಿಸಿದ್ರಿ?"

"ಬೆಕ್ಕು ಬರ್ತಿತ್ತು."

"ಬಟ್ಟಲು?"

"ಒಡೆದುಹೋಯ್ತು." ಅತ್ತಿಗೆ ಅಂಗಿಯೊಂದಕ್ಕೆ ಕಾಜ ಹೊಲಿಯುತ್ತಿದ್ದಳು, ಅಂಗಡಿಗಳಿಂದ ಬಟ್ಟೆ ತಂದು ಗುಂಡಿ, ಕಾಜ ಹಾಕಿಕೊಡುವುದು ಅವಳ ಸಂಪಾದನೆ. ತಲೆ ಎತ್ತದೆ ಕೇಳಿದಳು. "ಇನ್ನೂ ಏನಾದ್ರೂ ಇದೆಯಾ ವಿಚಾರಣೆ? ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ಹಾಗಾಯ್ತು ನಿನ್ನ ಕಥೆ."

ಅವನು ಮನಸ್ಸಲ್ಲೇ ಲೆಕ್ಕ ಹಾಕಿದ. ಕಿಟಕಿ ತೆರೆದಿತ್ತು, ಬೆಕ್ಕು ಬಂತು, ಬಟ್ಟಲು ಉರುಳಿತು, ಹಕ್ಕಿ ಹೋಯಿತು. ಹೆದರಿದವಳು ಅಂಗಡಿಗೆ ಓಡಿ ಅದೇ ಹಸಿರಿನದೊಂದನ್ನು ತಂದು ಕೂರಿಸಿದಳು. ಮೂಗು ನೋಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಎಷ್ಟು ಸರಿಯಾಗಿ ಕೂಡಿಬರುತ್ತದೆ! ಅಷ್ಟು ಸರಿಯಾಗಿ ಕೂಡಿಬಂದದ್ದಕ್ಕೆ ಅವನಿಗೆ ಒಳಗೊಳಗೇ ಖುಷಿಯೂ ಆಯಿತು. ಅನುಮಾನದವರ ಹಣೆಬರಹವೇ ಅಷ್ಟು, ಕೆಟ್ಟದ್ದು ನಿಜವಾದರೆ ಅರ್ಧ ಹೊಟ್ಟೆ ತುಂಬಿದ ಹಾಗೆ.

ಮಧ್ಯಾಹ್ನ ಹಸಿರು ಹಕ್ಕಿಯನ್ನು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹಕ್ಕಿ ಅಂಗಡಿಗೆ ಹೋದ. ಅಂಗಡಿಯವನು ಮೀನಿನ ತೊಟ್ಟಿಯ ನೀರು ಬದಲಿಸುತ್ತಿದ್ದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿದ.

"ಹೆಣ್ಣು. ಭರ್ಜರಿ ಹೆಣ್ಣು. ಮೂಗು ನೋಡಿ, ಮರದ ತೊಗಟೆ ಇದ್ದ ಹಾಗಿದೆ. ಹೊಟ್ಟೆನೂ ತುಂಬ್ಕೊಂಡಿದೆ. ಇವತ್ತೇ ಗೂಡು ಕಟ್ಟಿ ಸಾರ್."

"ಇದನ್ನ ಗಂಡು ಅಂತ ಕೊಟ್ಟವರು ನೀವೇ."

ಅಂಗಡಿಯವನು ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ಆಮೇಲೆ, "ಹಾಗಾದ್ರೆ ಇದು ನಾನು ಕೊಟ್ಟ ಹಕ್ಕಿ ಅಲ್ಲ," ಅಂದುಬಿಟ್ಟ. ತನ್ನ ತಲೆ ಉಳಿದರೆ ಸಾಕು ಅನ್ನುವವರು ಇಷ್ಟು ಸಲೀಸಾಗಿಯೇ ಮಾತಾಡುತ್ತಾರೆ.

"ನಮ್ಮನೆಯಿಂದ ಯಾರಾದ್ರೂ ಬಂದಿದ್ರಾ?"

"ಕಾಜ ಹೊಲಿಯೋ ಅಮ್ಮ ಬಂದಿದ್ರಲ್ಲ. ಹಸಿರು ಹಕ್ಕಿಗಳ ಮುಂದೆ ತುಂಬ ಹೊತ್ತು ನಿಂತಿದ್ರು, ಒಂದೊಂದನ್ನೇ ನೋಡ್ತಾ."

"ತಗೊಂಡ್ರಾ?"

"ಅವತ್ತು ಜನ ಜಾಸ್ತಿ ಇದ್ರು. ತಗೊಂಡ್ರೋ ಬಿಟ್ರೋ, ಸುಳ್ಳು ಯಾಕೆ ಹೇಳ್ಲಿ, ನೆನಪಿಲ್ಲ."

ಬಣ್ಣದವನಿಗೆ ಇನ್ನೇನೂ ಬೇಕಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಅಂತ ದಾರಿಯುದ್ದಕ್ಕೂ ಕುದಿದ. ಹಕ್ಕಿ ಹೋದದ್ದಕ್ಕಲ್ಲ ಆ ಕುದಿತ. ಅಮ್ಮ ಸತ್ತಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದವನು. ಆಗ ಹೊಸದಾಗಿ ಆ ಮನೆಗೆ ಬಂದಿದ್ದ ಅತ್ತಿಗೆ ಅವನ ತಲೆ ಬಾಚಿ, ಚೀಲ ಹೆಗಲಿಗೆ ಏರಿಸಿ ಕಳಿಸುತ್ತಿದ್ದಳು. ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದ್ದ ಅವನು ಅವಳೊಬ್ಬಳನ್ನು ಬಿಟ್ಟಿದ್ದ. ಆ ಒಂದು ಜಾಗವೂ ಕೈತಪ್ಪಿತಲ್ಲ ಎಂದು ಅವನಿಗೆ ಅಳುವೇ ಬಂದಂತಾಯಿತು.

ಮನೆಗೆ ಬಂದಾಗ ಅವಳು ಅದೇ ಜಾಗದಲ್ಲಿ ಕೂತು ಹೊಲಿಯುತ್ತಿದ್ದಳು.

"ಹಕ್ಕಿ ಅಂಗಡಿಗೆ ಹೋಗಿದ್ರಂತೆ."

ಸೂಜಿ ನಿಂತಿತು. "ಹೋಗಿದ್ದೆ."

"ನನಗೆ ಹೇಳ್ಲಿಲ್ಲ."

"ಹೇಳ್ಬೇಕು ಅಂತಿದ್ದೆ. ಬಂದ ಕೂಡಲೇ ನೀನು ಪೊಲೀಸ್ನೋರ ಥರ ಶುರು ಮಾಡ್ಕೊಂಡೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂದುಕೊಂಡ ಅವನು. ಅಷ್ಟು ಹೊತ್ತು ಗಂಟಲಲ್ಲಿ ಹಿಡಿದಿಟ್ಟುಕೊಂಡದ್ದು ದೊಡ್ಡ ದನಿಯಲ್ಲೇ ಹೊರಗೆ ಬಂತು. "ಹಾರಿಹೋಯ್ತು, ಸತ್ತುಹೋಯ್ತು ಅಂದಿದ್ರೆ ನಿಮ್ಮನ್ನೇನು ನುಂಗ್ತಿದ್ನಾ? ಬೇರೆದನ್ನ ತಂದಿಟ್ಟು ಅದೇ ಇದು ಅಂತ ನನ್ನ ಕಣ್ಣಿಗೆ ಮಣ್ಣೆರಚೋದಾ? ನಾನಿಲ್ಲದಾಗ ಈ ಮನೇಲಿ ಇನ್ನೂ ಏನೇನು ಬದಲಾಯಿಸಿದೀರೋ ಯಾರಿಗೆ ಗೊತ್ತು!"

ಮಾತು ಆಡಿದರೆ ಹೋಯಿತು. ಕೊನೆಯದು ಬಾಯಿಂದ ಜಾರಿದ ಕೂಡಲೇ ಅದು ಹೆಚ್ಚಾಯಿತು ಅಂತ ಅವನಿಗೇ ಗೊತ್ತಾಯಿತು. ನಡುಮನೆಯ ಬಾಗಿಲು ತೆರೆದು ಅಣ್ಣ ಕೆಂಪು ಕಣ್ಣು ಬಿಡುತ್ತ ನಿಂತ. "ಏನದು ಗಲಾಟೆ?"

"ಏನಿಲ್ಲ. ನೀವು ಮಲಗಿ," ಅಂದಳು ಅತ್ತಿಗೆ.

ಬಾಗಿಲು ಮುಚ್ಚಿತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಬಟ್ಟೆ ಮಡಿಸಿಟ್ಟು, ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು.

"ನಡಿ."

"ಎಲ್ಲಿಗೆ?"

"ಡಾಕ್ಟ್ರ ಹತ್ರ. ಗಂಡೋ ಹೆಣ್ಣೋ ಅವರೇ ಹೇಳ್ಲಿ. ನನ್ನ ಮಾತಿಗಂತೂ ಬೆಲೆ ಇಲ್ಲ."

ಪ್ರಾಣಿಗಳ ಡಾಕ್ಟರು ವಯಸ್ಸಾದ ಹೆಂಗಸು. ಬೆಂಚಿನ ಮೇಲೆ ನಾಯಿಗಳನ್ನು ಹಿಡಿದು ಕೂತವರ ನಡುವೆ ಕಾದು ಕಾದು ಇವರ ಸರದಿ ಬಂತು. ಡಾಕ್ಟರು ಹಕ್ಕಿಯನ್ನು ಅಂಗೈಯಲ್ಲಿ ಅಂಗಾತ ಮಲಗಿಸಿ, ಹೊಟ್ಟೆಯ ಗರಿಯನ್ನು ಊದಿ ಸರಿಸಿ, ಬೆರಳ ತುದಿಯಿಂದ ಮುಟ್ಟಿದರು. ಒಂದೊಂದೇ ಕಾಲನ್ನು ಎಳೆದು ಬಿಟ್ಟು ನೋಡಿದರು.

"ಗೂಡು ಕಟ್ಟಬಹುದಾ ಅಂತ ಕೇಳೋಕೆ ತಂದ್ರಾ? ಮೂಗು ನೋಡಿ ಎಲ್ಲರೂ ಅದನ್ನೇ ಕೇಳ್ತಾರೆ."

"ಇದು ಹೆಣ್ಣೋ ಗಂಡೋ ಅಂತ..." ಅಂದ ಬಣ್ಣದವನು.

"ಗಂಡು. ಹೊಟ್ಟೆಯೊಳಗೆ ಗಡ್ಡೆ ಬೆಳೆದಿದೆ. ಈ ಜಾತೀಲಿ ಗಂಡಿಗೆ ಆ ಗಡ್ಡೆ ಬಂದ್ರೆ ಮೈಯೆಲ್ಲ ಏರುಪೇರಾಗಿ ಮೂಗು ಹೆಣ್ಣಿನ ಥರ ಕಂದಾಗುತ್ತೆ. ಹೊಟ್ಟೆ ಉಬ್ಬಿರೋದೂ ಅದಕ್ಕೇ. ಕಾಲು ಯಾವಾಗಿಂದ ಎಳೀತಿದೆ?"

ಅವನಿಗೆ ಕಾಲು ಎಳೆಯುವುದೇ ಗೊತ್ತಿರಲಿಲ್ಲ. ಅತ್ತಿಗೆ ಹೇಳಿದಳು. ಎಡಗಾಲಲ್ಲಿ ಕಡ್ಡಿ ಹಿಡಿಯಲಾರದೆ ಹಕ್ಕಿ ಬಟ್ಟಲಿನ ಮೇಲೆ ಬಿದ್ದು ಬಟ್ಟಲು ಒಡೆದ ದಿನದಿಂದ. ಆಗ ಮೂಗು ಮಾಸಲು ನೀಲಿ ಇತ್ತು, ಆಮೇಲೆ ಬೂದಿ, ಆಮೇಲೆ ಹೀಗೆ. ಇದರ ಹಾಗೆ ಬೇರೆ ಯಾವುದಕ್ಕಾದರೂ ಆಗಿದೆಯಾ ಅಂತ ಅಂಗಡಿಗೆ ಹೋಗಿ ಹಸಿರು ಹಕ್ಕಿಗಳ ಮೂಗನ್ನೆಲ್ಲ ನೋಡಿ ಬಂದಿದ್ದಳು. ಕೇಳಿದರೆ ಆ ಅಂಗಡಿಯವನು, ಬಲಿಯುವ ಕಾಲ, ಹಾಗೇ ಇರುತ್ತೆ ಅಂದಿದ್ದ. ಒಣ ಕಾಳು ತಿನ್ನುತ್ತಿರಲಿಲ್ಲವಾದ್ದರಿಂದ ನೆನೆಸಿ, ಅರೆದು, ಕಡ್ಡಿಯ ತುದಿಯಲ್ಲಿ ಕೊಡುತ್ತಿದ್ದಳು.

"ಫೋನಲ್ಲಿ ಹೇಳ್ಬಹುದಿತ್ತಲ್ಲ ಅತ್ತಿಗೆ," ಅಂದ ಅವನು.

"ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತಿದ್ದೆ. ನೀನು ಬರೋ ಹೊತ್ತಿಗೆ ಸರಿಹೋಗುತ್ತೆ ಅಂದ್ಕೊಂಡೆ." ಅವಳು ಅವನ ಕಡೆ ನೋಡದೆ ಡಾಕ್ಟರಿಗೇ ಹೇಳುವವಳ ಹಾಗೆ ಹೇಳಿದಳು.

"ಸರಿಹೋಗಲ್ಲಮ್ಮ," ಅಂದರು ಡಾಕ್ಟರು. "ಬೆಚ್ಚಗಿಡಿ. ಗೂಡು ಮಾತ್ರ ಕಟ್ಟಬೇಡಿ. ಇಷ್ಟು ದಿನ ಉಳಿದಿರೋದೇ ಹೆಚ್ಚು."

ವಾಪಸು ಬರುವಾಗ ಪೆಟ್ಟಿಗೆ ಅವನ ಕೈಯಲ್ಲಿತ್ತು. ರಸ್ತೆಯ ತಿರುವಿನಲ್ಲಿ, "ತಪ್ಪಾಯ್ತು ಅತ್ತಿಗೆ," ಅಂದ. "ಆಯ್ತು ಬಿಡು," ಅಂದಳು. ಹೊಲಿಗೆ ತಡವಾಯಿತೆಂದು ಗಿರಾಕಿ ಕೂಗಾಡಿ ಆಮೇಲೆ ತಣ್ಣಗಾದಾಗಲೂ ಅವಳು ಹೀಗೇ ಅನ್ನುತ್ತಿದ್ದಳು. ಅವನಿಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಬೈದಿದ್ದರೆ, ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು ಅಂತ ಮನಸ್ಸು ಬೇಡುತ್ತಿತ್ತು.

ಗೂಡನ್ನು ಅಟ್ಟದ ಮೇಲೆ ಹಾಕಿದ. ಮನೆ ಮತ್ತೆ ಮೊದಲಿನ ಹಾಗಾಯಿತು ಅಂತ ಹೊರಗಿನವರು ಅಂದುಕೊಳ್ಳಬಹುದಿತ್ತು. ಅತ್ತಿಗೆ ಅವನ ತಟ್ಟೆಗೆ ಬಡಿಸುತ್ತಿದ್ದಳು, ಅಣ್ಣನ ಗೊರಕೆಯ ಬಗ್ಗೆ ತಮಾಷೆಯನ್ನೂ ಮಾಡುತ್ತಿದ್ದಳು. ಆದರೆ ಪಂಜರದ ವಿಷಯದಲ್ಲಿ ಒಂದು ಹೊಸ ಕ್ರಮ ಬಂದಿತ್ತು. ಕಾಳು ಹಾಕುವ ಮುಂಚೆ ಅವನನ್ನು ಕರೆಯುತ್ತಿದ್ದಳು. "ಬಾ, ನೀರು ಬದಲಾಯಿಸ್ತಿದ್ದೀನಿ. ಬಾ, ಕಾಗದ ತೆಗೀತಿದ್ದೀನಿ." ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಅವನು ಮುಖ ತೊಳೆಯುತ್ತಿದ್ದರೆ ಮುಗಿಯುವ ತನಕ ಪಂಜರದ ಬಾಗಿಲು ತೆರೆಯದೆ ಬಟ್ಟಲು ಹಿಡಿದು ನಿಂತಿರುತ್ತಿದ್ದಳು. "ನೀವೇ ಹಾಕಿ ಅತ್ತಿಗೆ, ನನ್ನನ್ನ್ಯಾಕೆ ಕರೀತೀರ," ಅಂತ ಒಮ್ಮೆ ಗೋಗರೆದ. "ಇರ್ಲಿ, ನೋಡ್ಕೊಂಡ್ರೆ ಒಳ್ಳೇದು," ಅಂದಳು. ಅವನು ಕೆಲಸಕ್ಕೆ ಹೊರಟ ಮೇಲೆ ಸಂಜೆಯ ತನಕ ಆ ಪಂಜರದ ಕಡೆ ಅವಳ ಕೈ ಹೋಗುತ್ತಿರಲಿಲ್ಲ. ಅದಕ್ಕಾಗಿ ಅವನೇ ಮಧ್ಯಾಹ್ನ ಊಟದ ನೆಪ ಮಾಡಿಕೊಂಡು ಅಂಗಡಿಯಿಂದ ಓಡಿ ಬಂದು, ಕಡ್ಡಿಯ ತುದಿಯಲ್ಲಿ ಹಕ್ಕಿಗೆ ತಿನ್ನಿಸಿ ಹೋಗುತ್ತಿದ್ದ.

ಒಂದು ಬೆಳಗ್ಗೆ ಎದ್ದು ಬಂದಾಗ ಅವಳು ಪಂಜರದ ಎದುರು ಸ್ಟೂಲು ಹಾಕಿಕೊಂಡು ಕೂತಿದ್ದಳು. ಅಣ್ಣ ಇನ್ನೂ ಪಾಳಿ ಮುಗಿಸಿ ಬಂದಿರಲಿಲ್ಲ. ಒಲೆ ಹಚ್ಚಿರಲಿಲ್ಲ. ಎದ್ದು ಎಷ್ಟು ಹೊತ್ತಾಗಿತ್ತೋ, ಕಣ್ಣು ಊದಿಕೊಂಡಿದ್ದವು. ಹಸಿರು ಹಕ್ಕಿ ಪಂಜರದ ತಳದಲ್ಲಿ, ಕಾಗದದ ಮೇಲೆ, ಕಾಲು ಮಡಚಿಕೊಂಡು ಒಂದು ಮಗ್ಗುಲಾಗಿ ಬಿದ್ದಿತ್ತು. ಹಳದಿ ಹೆಣ್ಣು ಮೇಲಿನ ಕಡ್ಡಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು.

"ನಾನು ಮುಟ್ಟಿಲ್ಲ," ಅಂದಳು ಅತ್ತಿಗೆ. "ನಾನು ಬಂದಾಗ ಹೀಗೇ ಇತ್ತು."

"ಅತ್ತಿಗೆ..."

"ನೀನೇ ತೆಗಿ."

ಅವಳು ಎದ್ದು ಸ್ಟೂಲನ್ನು ಪಕ್ಕಕ್ಕೆ ಸರಿಸಿ ಅವನಿಗೆ ದಾರಿ ಬಿಟ್ಟಳು. ಕಿಟಕಿಯ ಪರದೆಯನ್ನು ಪೂರ್ತಿ ತೆರೆದಳು. "ಬೆಳಕಲ್ಲಿ ಸರಿಯಾಗಿ ನೋಡ್ಕೋ," ಅಂದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಚೆ ಗೋಡೆಯ ಬಳಿ ಹೋಗಿ ನಿಂತಳು.