ಭಾವನ ಬಣ್ಣ, ಅಕ್ಕನ ದನಿ

ವ್ಯಾನಿನ ರೇಡಿಯೊ ಸೆಟ್ಟಿನಲ್ಲಿ ಅಕ್ಕನ ದನಿ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು.

“ಕವಲಿಗೆ ಬಂದೆ ಕಣೋ. ಮಂಜಲ್ಲಿ ಮಾರು ದೂರ ಕಾಣ್ತಿಲ್ಲ. ಕೆಳಗಿನ ದಾರಿ ಹಿಡೀತೀನಿ, ಸೇತುವೆ ದಾಟಿದ್ರೆ ಮನೆ. ಓವರ್.”

“ಬೇಡ ಅಕ್ಕಾ! ಸೇತುವೆ ಕೊಚ್ಕೊಂಡ್ ಹೋಗಿದೆ! ಅಲ್ಲೇ ನಿಲ್ಲು! ಓವರ್!” ತಮ್ಮ ತಂತಿ, ಮೈಕನ್ನೇ ನುಂಗುವವನಂತೆ ಕೂಗಿದ.

ಸೆಟ್ಟು ಸುಯ್ ಅಂದಿತು. ಆಮೇಲೆ ಮತ್ತೆ ಅಕ್ಕ: “ಏನೋ ಕರಕರ ಅಂತು. ಇದ್ದೀಯೇನೋ?”

ಎಲೆಕ್ಟ್ರಿಷಿಯನ್ ಆಗಿದ್ದ ಅವನು ಊರಿಗೆಲ್ಲ ತಂತಿ. ಅಮ್ಮ ಇಟ್ಟ ಹೆಸರು ಅವನಿಗೇ ಮರೆತಿತ್ತು. ಹ್ಯಾಮ್ ಎನ್ನುವ ಹವ್ಯಾಸಿ ರೇಡಿಯೊದ ಹುಚ್ಚು ಹತ್ತಿ, ವ್ಯಾನಿನಲ್ಲೇ ಸೆಟ್ಟು ಕೂರಿಸಿ, ಮುಖ ನೋಡದವರ ಜೊತೆ ಸಮುದ್ರದಾಚೆಗೆ ಹರಟುತ್ತಿದ್ದ. ಹೊಳೆಯಾಚೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ ಹಂಗಿಸಿದ್ದಳು: “ಭೂಮಂಡಲ ಎಲ್ಲಾ ಸಿಗುತ್ತೆ, ಎದುರಿನ ಗುಡ್ಡದಲ್ಲಿರೋ ಅಕ್ಕ ಸಿಗಲ್ಲ!” ಆ ಮಾತು ನಾಟಿತ್ತು. ಹಳೆಯ ಸೆಟ್ಟು ಕಿತ್ತು, ಹತ್ತಿರದ ಮಾತಿಗೆಂದೇ ಇರುವ ವಿ.ಎಚ್.ಎಫ್. ಸೆಟ್ಟು ಹಾಕಿದ. ಅಕ್ಕನಿಗೂ ರೇಡಿಯೊ ಪರವಾನಗಿಯ ಪರೀಕ್ಷೆ ಕಟ್ಟಿಸಿ, ಅವಳ ಜೀಪಿಗೂ ಒಂದು ಕೂರಿಸಿದ. ಬೆಳಗಿನ ಬಿರುಗಾಳಿಗೆ ಫೋನುಗಳೆಲ್ಲ ಸತ್ತಿದ್ದವು. ಈಗ ಉಳಿದದ್ದು ಇದೊಂದೇ.

ಪಕ್ಕದಲ್ಲಿ ಭಾವ ಕೂತಿದ್ದರು, ಅಕ್ಕನ ಗಂಡ. ಸೇತುವೆ ಇದ್ದ ಜಾಗಕ್ಕೆ ಈ ದಡದಿಂದ ಹೋಗಿ, ಬರೀ ನೀರು ಕಂಡು, ಓಡಿ ಬಂದಿದ್ದರು. “ಮತ್ತೆ ಕೂಗೋ! ಸಾಯೋ ಹಾಗೆ ಕೂಗೋ!”

“ಕೂಗಿದ್ರೆ ಆಗಲ್ಲ ಭಾವ. ಆ ಮುಳ್ಳು ನೋಡಿ.” ಮಾತಾಡಲು ಮೈಕಿನ ಗುಂಡಿ ಒತ್ತಿದೊಡನೆ ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತಿತ್ತು. ಹೊರಗೆ ಹೋಗಬೇಕಾದ ಶಕ್ತಿಯೆಲ್ಲ ಆಂಟೆನಾದಿಂದ ವಾಪಸು ಬರುತ್ತಿತ್ತು. ಸೆಟ್ಟು ತನ್ನ ಜೀವ ಉಳಿಸಿಕೊಳ್ಳಲು ದನಿ ಅಡಗಿಸಿಕೊಂಡಿತ್ತು.

ಯಾಕೆಂದು ತಂತಿಗೆ ಆಗ ಹೊಳೆಯಿತು. ಭಾವ ಗಾಡಿಗಳಿಗೆ ಬಣ್ಣ ಹೊಡೆಯುವವರು. ಈ ವ್ಯಾನಿಗೆ ಹೊಸ ಬಣ್ಣ ಅವರದೇ ಉಡುಗೊರೆ. ಹೊಸ ಸೆಟ್ಟಿನ ಆಂಟೆನಾದ ಬುಡವನ್ನು ವ್ಯಾನಿನ ನೆತ್ತಿಗೆ ಕೂರಿಸುವಾಗ, “ಸ್ಕ್ರೂ ತಾಗಿ ಗೀರು ಬಿತ್ತೋ, ನಿನ್ನ ಚರ್ಮ ಸುಲೀತೀನಿ” ಎಂದು ಅಡಿಗೆ ರಬ್ಬರು ತುರುಕಿದ್ದರು. ಭಾವನಿಗೆ ಎದುರಾಡುವುದುಂಟೇ? ಅಕ್ಕನ ದನಿ ಕೇಳಿದ್ದೇ ಸಾಕೆಂದು ತಂತಿ ಕೈ ತೊಳೆದುಕೊಂಡಿದ್ದ. ತನ್ನ ದನಿ ಹೋಗುತ್ತದೋ ಇಲ್ಲವೋ ಎಂದು ನೋಡಿರಲಿಲ್ಲ.

“ಆಂಟೆನಾ ಬುಡ ತಗಡಿಗೆ ತಾಗಿದ್ರೇನೇ ದನಿ ಹೊರಗೆ ಹೋಗೋದು, ಇದು ತಾಗಿಲ್ಲ ಭಾವ. ಇದಕ್ಕೆ ಕಿವಿ ಇದೆ, ಗಂಟಲಿಲ್ಲ. ಬಣ್ಣ ಕೆರೀಬೇಕು.”

ಭಾವ ಜೇಬಿನಲ್ಲಿದ್ದ ಬಣ್ಣ ಕೆರೆಯುವ ತೆಳು ಉಕ್ಕಿನ ಪಟ್ಟಿ ಹಿಡಿದು ಹೊರಗೆ ಹಾರಿದರು. ರಬ್ಬರು ಕಿತ್ತೆಸೆದು, ಮಗುವಿನ ಕೆನ್ನೆಯಂತೆ ನಯ ಮಾಡಿದ್ದ ಬಣ್ಣವನ್ನು ಪರಪರ ಕೆರೆದರು.

“ಅಡಿಯ ಅಸ್ತರದ ಬಣ್ಣಾನೂ ತೆಗೀರಿ! ತಗಡು ಹೊಳೀಬೇಕು!” ತಂತಿ ಕೂಗಿದ.

“ನನ್ನ ಕೈಗಿಷ್ಟು ಬೆಂಕಿ ಬೀಳ! ಎಷ್ಟು ಗಟ್ಟಿ ಹೊಡ್ದಿದೀನಲ್ಲೋ!” ಪಟ್ಟಿ ಮುರಿಯಿತು. ಉಗುರಲ್ಲಿ ಕೆರೆದರು.

ಒಳಗೆ ಅಕ್ಕ ಮಾತಾಡುತ್ತಲೇ ಇದ್ದಳು. ‘ಓವರ್’ ಅಂದು ಅವಳು ಗುಂಡಿ ಬಿಡುವವರೆಗೆ ಇತ್ತಲಿಂದ ಏನು ಕೂಗಿದರೂ ಅವಳಿಗೆ ಮುಟ್ಟದು. “ಹೊಳೆ ಸದ್ದು ಜೋರಾಗಿದೆ ಕಣೋ. ಸೇತುವೆ ಹತ್ರಾನೇ ಇರ್ಬೇಕು. ನಿಮ್ಮ ಭಾವ ಊಟ ಮಾಡಿದ್ರಾ? ಮಾಡಿರಲ್ಲ ಬಿಡು...”

“ಓವರ್ ಅನ್ನೇ ಮಹಾತಾಯಿ!” ತಂತಿ ಕೆರೆದ ಜಾಗಕ್ಕೆ ಬುಡ ಕೂರಿಸಿ, ಸ್ಕ್ರೂ ಬಿಗಿಯುತ್ತಾ ಅಳತೊಡಗಿದ.

“...ಓವರ್.”

ಒಳಗೆ ಬಿದ್ದು ಗುಂಡಿ ಒತ್ತಿದ. ಈಗ ಮುಳ್ಳು ಕೆಂಪಿಗೆ ಹಾರದೆ ತಳದಲ್ಲೇ ಮಲಗಿತು. “ಬ್ರೇಕ್ ಹಾಕು! ಸೇತುವೆ ಇಲ್ಲ! ಬ್ರೇಕ್! ಓವರ್!”

ಸುಯ್. ಬರೀ ಸುಯ್. ಭಾವ ಕಿಟಕಿಗೆ ಹಣೆ ಒತ್ತಿ ನಿಂತರು.

“ಅಬ್ಬಾ... ಕಿವಿ ಹರೀತಲ್ಲೋ.” ಅಕ್ಕನ ದನಿ ಬಂತು. “ನಿಂತಿದೀನಿ. ಇಳಿದು ನೋಡ್ದೆ. ಮುಂದೆ... ರಸ್ತೆ ಇಲ್ಲ ಕಣೋ.”

ಭಾವ ಮೈಕು ಕಸಿದುಕೊಂಡರು. ಗುಂಡಿ ಒತ್ತಿದರು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ರಕ್ತ ಜಿನುಗುತ್ತಿದ್ದ ಬೆರಳು ಗುಂಡಿ ಬಿಡಲೂ ಇಲ್ಲ. ತಂತಿಯೇ ಮೆಲ್ಲಗೆ ಬಿಡಿಸಿದ.

“ಬರೀ ಉಸಿರು ಕೇಳಿಸ್ತು,” ಎಂದಳು ಅಕ್ಕ. “ನಿಮ್ಮ ಭಾವಾನೇ. ಹಿಂದಕ್ಕೆ ತಿರುಗಿಸ್ತಿದೀನಿ ಅಂತ ಹೇಳೋ ಅವರಿಗೆ. ಓವರ್.”