ಸೋಲಬೇಕಾಗಿದ್ದ ಪಾತ್ರ

"ಈ ಹೆಣ್ಣು ಮಗುವಿನದ್ದು ಅಂತ ಏನುಂಟೋ, ಅದನ್ನು ಒಬ್ಬನೂ ಮುಟ್ಟದ ಹಾಗೆ ನಾನು ನೋಡಿಕೊಳ್ತೇನೆ. ನೀನು ಹೆದರಬೇಡ, ಕುಶಲಾ."

ನನ್ನ ಗಂಡನ ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ, ಮಂಗಳೂರಿನ ಬೋಳಾರದ ಮನೆಯಲ್ಲಿ, ಊಟಕ್ಕೆ ಕುಳಿತ ಹಿರಿಯರಿಗೆಲ್ಲ ಕೇಳುವಂತೆ ಅಣ್ಣ ಚಿತ್ತರಂಜನ ಹೇಳಿದ ಮಾತು ಇದು. ಸಾವಿನ ಮನೆಯಲ್ಲೂ ಅವನ ಧ್ವನಿ ಕೊನೆಯ ಪಂಕ್ತಿಯವರೆಗೆ ಹೋಗುತ್ತಿತ್ತು. ಅದು ೧೯೭೪. ಮಗಳು ಶಶಿಪ್ರಭಾಳಿಗೆ ಆಗ ನಾಲ್ಕು ವರ್ಷ. ನಮ್ಮ ಕಡೆ ತಂಗಿಯ ಮಕ್ಕಳಿಗೆ ಸೋದರಮಾವನೇ ಯಜಮಾನ, ಅಪ್ಪ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹಾಗಾಗಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಾನೂ ನಂಬಿದೆ. ನಂಬದೆ ಕುಳಿತುಕೊಳ್ಳುವಷ್ಟು ಪುರುಸೊತ್ತು ನನಗಿರಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು, ಕೂಡಲೇ ಸೇರಬೇಕಿತ್ತು.

ಅಣ್ಣನಿಗೆ ಹಂಪನಕಟ್ಟೆಯಲ್ಲಿ ಹೋಟೆಲು. ಆದರೆ ಜಿಲ್ಲೆಯಲ್ಲಿ ಅವನ ಹೆಸರು ಇದ್ದದ್ದು ಹೋಟೆಲಿನಿಂದಲ್ಲ, ತಾಳಮದ್ದಳೆಯಿಂದ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕುಳಿತು ಪಾತ್ರವಾಗಿ ವಾದ ಮಾಡುವುದು. ಅರ್ಥ ಹೇಳುವುದು ಎನ್ನುತ್ತಾರೆ ಅದಕ್ಕೆ. ಅದರಲ್ಲೂ ಅಣ್ಣನಿಗೆ ಎದುರುಪಕ್ಷದ ಪಾತ್ರಗಳೇ ಇಷ್ಟ. ಕೊನೆಗೆ ಸೋಲುವವನು, ಸಾಯುವವನು, ತಪ್ಪು ಮಾಡಿದವನು. "ಗೆಲ್ಲುವವನ ಅರ್ಥ ಯಾರು ಬೇಕಾದರೂ ಹೇಳ್ತಾರೆ," ಎನ್ನುತ್ತಿದ್ದ. "ಅವನನ್ನು ಪ್ರಸಂಗವೇ ಗೆಲ್ಲಿಸ್ತದೆ. ಸೋಲುವವನಿಗೆ ಬಾಯಿ ಬಿಟ್ಟರೆ ಬೇರೆ ಎಂತ ಉಂಟು?" ಅವನು ಮಾತಾಡಿದರೆ ಅಧರ್ಮದ ಕಡೆಯವನಿಗಾಗಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಪ್ರಸಂಗವನ್ನು ಹಾಡಿ ನಡೆಸುವ ಭಾಗವತರು ಮುಂದಿನ ಪದ ಎತ್ತುತ್ತಿದ್ದರು, ಕಥೆ ತನ್ನ ದಾರಿಯಲ್ಲಿ ಹೋಗಿ ಅವನನ್ನು ಕೊಲ್ಲುತ್ತಿತ್ತು. ಎಲ್ಲರೂ ಸಮಾಧಾನದಿಂದ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು.

ಎಂಬತ್ತೇಳರಲ್ಲಿ ಪಕ್ಕದ ಮನೆಯ ವಿನಿಫ್ರೆಡ್ ಬಾಯಿಯ ಗಂಡ ಬಹರೇನಿನಿಂದ ಒಂದು ಕಂಪ್ಯೂಟರ್ ತಂದರು. ಇಂದಿನ ಪೆಟ್ಟಿಗೆಗಳ ಹಾಗಲ್ಲ, ರಬ್ಬರ್ ಗುಂಡಿಗಳ ಒಂದು ಸಣ್ಣ ಹಲಗೆ. ಟೀವಿಗೆ ಸಿಕ್ಕಿಸಬೇಕು. ಪ್ರೋಗ್ರಾಮು ಇರುವುದು ಹಾಡಿನ ಕ್ಯಾಸೆಟಿನಲ್ಲಿ. ಟೇಪ್ ರೆಕಾರ್ಡರ್ ಒತ್ತಿದರೆ ಕೀರಲು ಸದ್ದು ಮಾಡುತ್ತ ಆಟ ಒಳಗೆ ಹೋಗುತ್ತಿತ್ತು. ಅವರ ಮಕ್ಕಳಿಗೆ ಬೇಗ ಬೇಸರ ಬಂತು. "ನಿಮ್ಮ ಶಶಿ ಇದನ್ನೇ ನೋಡ್ತಾ ನಿಲ್ತಾಳೆ ಮಾರಾಯ್ತಿ, ತೆಗೊಂಡು ಹೋಗ್ಲಿ, ನಂಗೆ ಆ ಕಿರುಚಾಟ ಸಾಕಾಯ್ತು," ಎಂದು ವಿನಿಫ್ರೆಡ್ ಬಾಯಿ ಅದನ್ನು ನಮ್ಮ ಮನೆಗೆ ದಾಟಿಸಿದರು.

ಅದೇ ದಿನಗಳಲ್ಲಿ ನಾನು ಬ್ಯಾಂಕಿನಲ್ಲಿ ಸೀರೆಗೆ ಕಪ್ಪು ಪಟ್ಟಿ ಚುಚ್ಚಿಕೊಂಡು ಕುಳಿತುಕೊಳ್ಳುತ್ತಿದ್ದೆ. ಕಂಪ್ಯೂಟರ್ ಬಂದರೆ ನಮ್ಮ ಕೆಲಸ ಹೋಗುತ್ತದೆಂದು ಯೂನಿಯನ್ ಹೇಳಿತ್ತು. ಸಂಜೆ ಅದೇ ಪಟ್ಟಿಯೊಂದಿಗೆ ಮನೆಗೆ ಬಂದರೆ ಮಗಳು ಕಂಪ್ಯೂಟರಿನ ಎದುರು.

"ಎಂತ ಅಮ್ಮ, ನಿಮ್ಮ ಶತ್ರು ನಮ್ಮ ಮನೆಯಲ್ಲೇ ಉಂಟಲ್ಲ?"

"ಶತ್ರುವಿಗೆ ಅನ್ನ ಬೇಯಿಸಲಿಕ್ಕೆ ಬರ್ತದಾ ಕೇಳು. ಬಂದರೆ ಇಲ್ಲೇ ಇರಲಿ."

ಜೊತೆಗೆ ಬಂದ ಪುಸ್ತಕ ಓದಿ ಅವಳೇ ಪ್ರೋಗ್ರಾಮು ಬರೆದು ಮಾಡಿದ ಆಟ ನಮ್ಮ ಸಿಟಿ ಬಸ್ಸಿನದ್ದು. ಹಂಪನಕಟ್ಟೆಯಿಂದ ವಾಮಂಜೂರಿಗೆ ಬಸ್ಸು ಬಿಡಬೇಕು. ಹಿಂದಿನಿಂದ ಇನ್ನೊಂದು ಕಂಪೆನಿಯ ಬಸ್ಸು ಬರುತ್ತದೆ, ಅದು ಮುಟ್ಟುವ ಮೊದಲು ಜನ ಹತ್ತಿಸಿಕೊಳ್ಳಬೇಕು. ಶಿಳ್ಳೆ ಎರಡು ಸಲ ಆದರೆ ಹೊರಡಬೇಕು. ಕುಲಶೇಖರದ ಏರಿನಲ್ಲಿ ಎಂಜಿನ್ ಬಿಸಿಯಾಗುತ್ತದೆ, ವಾಮಂಜೂರಿನ ಗದ್ದೆಯ ಬದಿಯಲ್ಲಿ ಎಮ್ಮೆ ಅಡ್ಡ ಬರುತ್ತದೆ. ಮೀನಿನ ಬುಟ್ಟಿಯ ಹೆಂಗಸನ್ನು ಹತ್ತಿಸಿಕೊಂಡರೆ ಮುಂದಿನ ಸ್ಟಾಪಿನಲ್ಲಿ ಇಬ್ಬರು ಇಳಿದುಬಿಡುತ್ತಾರೆ. ಇಷ್ಟೆಲ್ಲ ಆ ಹಲಗೆಯೊಳಗೆ! ನಾನು ಬಸ್ಸಿನಲ್ಲಿ ನಿಂತು ಬಂದ ಸುಸ್ತಿನಲ್ಲೇ ಕುಳಿತು ಮತ್ತೆ ಬಸ್ಸು ಓಡಿಸಿದೆ. ಶುರುವಿನಲ್ಲಿ ಪರದೆಯ ಮೇಲೆ ಅವಳ ಹೆಸರು ಒಂದೊಂದೇ ಅಕ್ಷರವಾಗಿ ಮೂಡುತ್ತಿತ್ತು. ಅದನ್ನು ನೋಡಲೆಂದೇ ನಾನು ಪುನಃ ಪುನಃ ಹಾಕಿಸುತ್ತಿದ್ದೆ.

ಇಂಥ ಆಟಗಳ ಕ್ಯಾಸೆಟು ಮಾರುವ ಮುಂಬಯಿಯ ಒಂದು ಕಂಪೆನಿಗೆ ಅವಳು ಬರೆದಳು. ಅವರಿಂದ ವಿನಿಫ್ರೆಡ್ ಬಾಯಿಯ ಮನೆಗೆ ಟ್ರಂಕ್ ಕಾಲ್ ಬಂತು. ಆಟ ಅವಳ ಹೆಸರಿನಲ್ಲೇ ಹೊರಬರುತ್ತದೆ. ಹೊಸ ಆಟಗಳನ್ನು ಮಾಡಲು ಅವಳನ್ನೇ ಇಟ್ಟುಕೊಳ್ಳುತ್ತಾರೆ, ಕೆಲಸ ಮಂಗಳೂರಿನಿಂದಲೇ ಮಾಡಬಹುದು. ಷರತ್ತು ಒಂದೇ. ಅದಕ್ಕೆ ಮೊದಲು ಆಟ ಎಲ್ಲಿಯೂ ಹಂಚಿಹೋಗಿರಬಾರದು. ಕಾಲೇಜು ಬಿಟ್ಟು ಬ್ಯಾಂಕಿನ ಪರೀಕ್ಷೆಗೆ ಕಟ್ಟು ಎಂದು ನಾನು ಅವಳಿಗೆ ಹೇಳುತ್ತಿದ್ದವಳು, ಆ ದಿನದಿಂದ ಹೇಳುವುದನ್ನು ನಿಲ್ಲಿಸಿದೆ.

ಅಣ್ಣನ ಹೋಟೆಲಿನ ಮಾಳಿಗೆಯಲ್ಲಿ ಭಾನುವಾರ ಒಂದು ಕಂಪ್ಯೂಟರ್ ಬಳಗ ಸೇರುತ್ತಿತ್ತು. ಗಲ್ಫಿನವರ ಮಕ್ಕಳು, ಒಬ್ಬಿಬ್ಬರು ಡಾಕ್ಟರು, ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಉಪನ್ಯಾಸಕರು. ಅಣ್ಣನಿಗೆ ಕಂಪ್ಯೂಟರ್ ಗೊತ್ತಿಲ್ಲ, ಆದರೆ ಸಭೆ ಇದ್ದಲ್ಲಿ ಅಧ್ಯಕ್ಷ ಬೇಕಲ್ಲ. ಕಾರ್ಯದರ್ಶಿ ಸರ್ವೋತ್ತಮ, ಕ್ಯಾಸೆಟಿನ ಅಂಗಡಿಯವನು. ಬಳಗದ ಕಪಾಟಿನಲ್ಲಿ ವಿದೇಶದ ನೂರಾರು ಆಟಗಳಿದ್ದವು, ಎಲ್ಲವೂ ನಕಲು. ಕಪಾಟಿಗೆ ಬಂದದ್ದನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಇದು ನಿಯಮ. ನಕಲು ಮಾಡಿಕೊಡುವುದು ಸರ್ವೋತ್ತಮನ ಅಂಗಡಿಯ ಎರಡು ಟೇಪ್ ಡೆಕ್ಕುಗಳಲ್ಲಿ.

ಶಶಿ ಒಂದು ಭಾನುವಾರ ಅಲ್ಲಿ ಬಸ್ಸು ಓಡಿಸಿ ತೋರಿಸಿದಳು. ಮಾಳಿಗೆ ಬಿದ್ದುಹೋಗುವಷ್ಟು ಗಲಾಟೆ. ಎಮ್ಮೆ ಅಡ್ಡ ಬಂದಾಗ ಒಬ್ಬ ಡಾಕ್ಟರು "ಹಾರ್ನ್ ಹಾಕು ಮಾರಾಯ!" ಎಂದು ಕೂಗಿದರಂತೆ. ಮುಗಿದ ಮೇಲೆ ಸರ್ವೋತ್ತಮ ಕೈಚಾಚಿದ.

"ಕೊಡು, ಕಪಾಟಿಗೆ ಹಾಕುವ."

"ಇಲ್ಲ ಸರ್ವೋತ್ತಮಣ್ಣ. ಇದು ಮುಂಬಯಿಗೆ ಹೋಗ್ಲಿಕ್ಕುಂಟು."

"ಓಹೋ. ಇಷ್ಟು ಸಮಯ ಕಪಾಟಿಂದ ತೆಗೆದು ತೆಗೆದು ಆಡಿದ್ದು ಯಾರು? ಆಗ ಕದ್ದ ಹಾಗೆ ಆಗ್ಲಿಲ್ವಾ?"

"ಆಯ್ತು, ತಪ್ಪೇ. ಆದ್ರೆ ಅವರ ಹೆಸರು ತೆಗೆದು ನನ್ನ ಹೆಸರು ಹಾಕ್ಲಿಲ್ಲ. ಅಂಗಡಿಯಲ್ಲಿಟ್ಟು ಮಾರ್ಲೂ ಇಲ್ಲ."

ಗುಂಪಿನಲ್ಲಿ ನಕ್ಕರು. ಸರ್ವೋತ್ತಮ ನಗಲಿಲ್ಲ. ನಿಯಮ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಆಗುವುದಿಲ್ಲ ಎಂದ. ಅಧ್ಯಕ್ಷರೇ ಹೇಳಲಿ ಎಂದ. ಅಣ್ಣನ ಮುಖ ಅರಳಿರಬೇಕು. ಮುಂದಿನ ಭಾನುವಾರ ಎರಡೂ ಕಡೆಯ ವಾದ ನಡೆಯಲಿ, ಆಮೇಲೆ ಕೈ ಎತ್ತಿ ತೀರ್ಮಾನಿಸುವ, ಸಭೆ ಹೇಳಿದ ಹಾಗೆ ತಾನು ನಡೆಯುತ್ತೇನೆ ಎಂದು ಘೋಷಿಸಿದ. ಕ್ಯಾಸೆಟನ್ನು ಶಶಿಯೇ ಅವನ ಕೈಗೆ ಕೊಟ್ಟು ಬಂದಳು. ಹೊಳೆಬದಿಯ ನಮ್ಮ ಮನೆಯ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತಿತ್ತು, ಅಣ್ಣನ ಕೋಣೆಯಲ್ಲಿ ಏಸಿ ಇತ್ತು. ಅವಳ ಬಳಿ ಇದ್ದ ಇನ್ನೊಂದು ಪ್ರತಿ ಆಗಲೇ ಮುಂಬಯಿಗೆ ಹೋಗಿತ್ತು.

ವಾರದ ನಡುವೆ ಅಣ್ಣ ಮನೆಗೆ ಬಂದ. ಚಾಪೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡು ಭಾರೀ ಉತ್ಸಾಹದಲ್ಲಿದ್ದ.

"ಕುಶಲಾ, ನಾನು ಆಚೆ ಕಡೆ ಮಾತಾಡುದು."

"ಆಚೆ ಕಡೆ ಅಂದರೆ?"

"ಕಾಪಿ ಮಾಡುವವರ ಕಡೆ. ಆ ಸರ್ವೋತ್ತಮನಿಗೆ ಎರಡು ಮಾತು ಜೋಡಿಸ್ಲಿಕ್ಕೆ ಬರುದಿಲ್ಲ. ಶಶಿಯ ಕಡೆಗೆ ಕಾಲೇಜಿನ ಮೇಷ್ಟ್ರು ಇದ್ದಾರೆ, ಕಾನೂನು ಪುಸ್ತಕವೇ ತರ್ತಾರಂತೆ. ಎದುರು ಅರ್ಥ ಹೇಳುವವ ಇಲ್ಲದಿದ್ದರೆ ಸಭೆ ಸಪ್ಪೆ ಆಗ್ತದೆ."

"ಸಪ್ಪೆ ಆಗಲಿ ಅಣ್ಣ. ನೀನು ಅವಳ ಮಾವ."

"ಅದಕ್ಕೇ! ಮಾವನೇ ಎದುರು ನಿಂತು ಸೋತ ಅಂತ ಆದರೆ ಅವಳ ಗೆಲುವಿಗೆ ಎಷ್ಟು ತೂಕ, ಯೋಚನೆ ಮಾಡು. ಅವಳದ್ದು ನ್ಯಾಯ. ನ್ಯಾಯ ಗೆದ್ದೇ ಗೆಲ್ತದೆ. ನಾನು ಎಷ್ಟು ವರ್ಷ ಸೋತಿದ್ದೇನೆ, ನಂಗೆ ಸೋಲ್ಲಿಕ್ಕೆ ಕಲಿಸ್ತೀಯಾ?"

ಶಶಿ ಬಾಗಿಲಲ್ಲಿ ನಿಂತಿದ್ದಳು. "ಮಾವ, ನೀವು ಸುಮ್ಮನೆ ಕೂತರೆ ಆಗುದಿಲ್ವಾ?"

"ಸುಮ್ಮನೆ ಕೂರುದಾ? ನಾನಾ?" ಎಂದು ನಕ್ಕು ಅವಳ ಬೆನ್ನು ತಟ್ಟಿ ಹೋದ.

ಆ ಭಾನುವಾರ ನಾನೂ ಹೋದೆ. ಮಾಳಿಗೆಯಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಬಳಗಕ್ಕೆ ಸೇರದವರೂ ಅಣ್ಣನ ಮಾತು ಕೇಳಲೆಂದು ಮೆಟ್ಟಿಲವರೆಗೆ ನಿಂತಿದ್ದರು. ಅವರಿಗೆ ಕಂಪ್ಯೂಟರ್ ಎಂದರೆ ಕೆಂಪೋ ಕಪ್ಪೋ ಗೊತ್ತಿರಲಿಲ್ಲ.

ಉಪನ್ಯಾಸಕರು ಮೊದಲು ಮಾತಾಡಿದರು. ಕಾಯಿದೆಗೆ ತಿದ್ದುಪಡಿ ಆಗಿದೆ, ಈಗ ಪ್ರೋಗ್ರಾಮು ಕೂಡ ಪುಸ್ತಕದ ಹಾಗೆಯೇ, ಬರೆದವರದ್ದು. ಸರಿಯಾದ ಮಾತೇ. ಆದರೆ ಇಂಗ್ಲಿಷಿನಲ್ಲಿ ಓದಿದರು, ತಲೆ ಎತ್ತದೆ ಓದಿದರು. ಫ್ಯಾನಿನ ಗಾಳಿಗೆ ಹಾಳೆ ಮಗುಚಿ ಒಂದು ಕಲಮನ್ನು ಎರಡು ಸಲ ಓದಿದರು.

ಅಣ್ಣ ಶಾಲು ಸರಿಮಾಡಿಕೊಂಡ. ಮೊದಲು ಮೆಲ್ಲಗೆ ಶುರು ಮಾಡಿದ.

"ನನ್ನ ಹೋಟೆಲಿನ ಗೋಳಿಬಜೆ ತಿಂದವರು ಇಲ್ಲಿ ಎಷ್ಟು ಜನ ಇದ್ದೀರಿ? ಎಲ್ಲರೂ. ಮನೆಗೆ ಹೋಗಿ ಹೆಂಡತಿಗೆ 'ಹೀಗೆ ಮಾಡು' ಅಂತ ಹೇಳದವರು? ಒಬ್ಬರೂ ಇಲ್ಲ. ಹಾಗಾದರೆ ಮೇಷ್ಟ್ರೇ, ಈ ಊರಿನ ಹೆಂಗಸರನ್ನೆಲ್ಲ ಲಾಕಪ್ಪಿಗೆ ಹಾಕುವನಾ?"

ನಗು ಮೆಟ್ಟಿಲವರೆಗೆ ಇಳಿಯಿತು. ಉಪನ್ಯಾಸಕರೂ ನಕ್ಕರು, ಪಾಪ. ಅಣ್ಣ ಈಗ ನನ್ನ ಮಗಳ ಕಡೆ ತಿರುಗಿದ. ಅವನ ಕಣ್ಣಿನಲ್ಲಿ ಪ್ರೀತಿಯೇ ಇತ್ತು. ಅದನ್ನು ನಾನು ಇಲ್ಲ ಎನ್ನುವುದಿಲ್ಲ.

"ಮಗಳೇ, ಆಟ ನಿನ್ನದು ಅಂತೀ. ಹಂಪನಕಟ್ಟೆ ನೀನು ಕಟ್ಟಿದ್ದಾ? ಕುಲಶೇಖರದ ಏರು ನೀನು ಎತ್ತಿದ್ದಾ? ಕಂಡಕ್ಟರನ ಶಿಳ್ಳೆಗೆ ಅವನ ಒಪ್ಪಿಗೆ ಕೇಳಿದಿಯಾ? ಬುಟ್ಟಿ ಹೊತ್ತ ಆ ಹೆಂಗಸಿಗೆ ಗೊತ್ತುಂಟಾ, ಅವಳು ನಿನ್ನ ಬಸ್ಸಿನಲ್ಲಿ ದಿನಾ ಹತ್ತಿ ಇಳೀತಾಳೆ ಅಂತ? ಊರಿನಿಂದ ಕೇಳದೆ ತೆಗೆದೆ. ಊರು ಕೇಳಿದಾಗ ಕೊಡುದಿಲ್ಲ ಅಂತೀ. ಇದರಲ್ಲಿ ಕದ್ದವರು ಯಾರು?"

ಚಪ್ಪಾಳೆ. ಶಶಿ ಎದ್ದು ಏನೋ ಹೇಳಿದಳು. ಎಮ್ಮೆ ಊರಿನದ್ದಿರಬಹುದು, ಅದು ಅಡ್ಡ ಬರುವಂತೆ ಮಾಡಿದ್ದು ನಾನು ಎಂದಿರಬೇಕು. ಸದ್ದಿನಲ್ಲಿ ಕೇಳಿಸಲಿಲ್ಲ. ಅಣ್ಣ ಕೈಯೆತ್ತಿ ಸದ್ದು ನಿಲ್ಲಿಸಿದ್ದರೆ ಕೇಳಿಸುತ್ತಿತ್ತು. ಅವನು ಕಣ್ಣು ಮುಚ್ಚಿ, ಏರಿದ ಶ್ರುತಿಯಲ್ಲಿ, ಮುಂದಿನ ಮಾತಿಗೆ ಉಸಿರು ಎಳೆದುಕೊಳ್ಳುತ್ತಿದ್ದ. ಹಾಗೆ ಏರಿದ ಮೇಲೆ ಅವನು ತಾನಾಗಿ ಇಳಿದದ್ದನ್ನು ನಾನು ಎಂದೂ ಕಂಡಿಲ್ಲ. ಇಳಿಸುತ್ತಿದ್ದದ್ದು ಭಾಗವತರ ಪದ. ಆ ಮಾಳಿಗೆಯಲ್ಲಿ ಭಾಗವತರಿರಲಿಲ್ಲ.

ಕೈ ಎತ್ತಲು ಹೇಳಿದರು. ಶಶಿಯ ಕಡೆಗೆ ಉಪನ್ಯಾಸಕರದ್ದು, ಅವಳದ್ದು, ಕಿಟಕಿಯ ಬಳಿಯ ಒಬ್ಬರದ್ದು. ಬಳಗದವಳಲ್ಲದ ಕಾರಣ ನನ್ನ ಕೈ ಲೆಕ್ಕಕ್ಕಿಲ್ಲ ಎಂದರು. ಮೆಟ್ಟಿಲಲ್ಲಿ ನಿಂತವರ ಕೈಗಳ ಬಗ್ಗೆ ಯಾರೂ ಆ ಮಾತು ಹೇಳಲಿಲ್ಲ.

ಅಣ್ಣ ಸುತ್ತಲೂ ನೋಡಿದ. ಮುಖದಲ್ಲಿ ಬೆವರು. ಮೊದಲು ಹಿಗ್ಗು, ಆಮೇಲೆ, ಸ್ವಲ್ಪ ತಡವಾಗಿ, ಗಾಬರಿ. ಇನ್ನು ಯಾರೋ ಪದ ಎತ್ತುತ್ತಾರೆ, ಕಥೆ ತಿರುಗುತ್ತದೆ ಎಂದು ಕಾಯುವವನ ಹಾಗೆ ನಿಂತ. ಸರ್ವೋತ್ತಮ ಬಂದು ಕೈಚಾಚಿದ.

"ಸಭೆಗೆ ಮಾತು ಕೊಟ್ಟಿದ್ದೀರಿ, ಧಣಿ."

"ಅಣ್ಣ," ಎಂದೆ ನಾನು. "ಕೊಡಬೇಡ."

"ಸಭೆಯಲ್ಲಿ ಆಡಿದ ಮಾತು, ಕುಶಲಾ," ಎಂದ ಅಣ್ಣ, ನನ್ನ ಮುಖ ನೋಡದೆ. ಕೆಳಗೆ ಹೋಗಿ ಮೇಜಿನ ಬೀಗ ತೆಗೆದು ಕ್ಯಾಸೆಟು ತಂದು ಕೊಟ್ಟ. ಅದನ್ನೂ ಎರಡು ಕೈಯಲ್ಲಿ, ಮರ್ಯಾದೆಯಿಂದ.

ಆಮೇಲಿನದ್ದು ಬೇಗ ಆಯಿತು. ಸರ್ವೋತ್ತಮನ ಅಂಗಡಿಯ ಗಾಜಿನೊಳಗೆ ಬಸ್ಸಿನ ಚಿತ್ರದ ಕವರಿನಲ್ಲಿ ಕ್ಯಾಸೆಟುಗಳು ಸಾಲಾಗಿ ನಿಂತವು. ಶಶಿ ಒಂದನ್ನು ತಂದು ಹಾಕಿದಳು. ಅವಳ ಹೆಸರು ಮೂಡುತ್ತಿದ್ದ ಜಾಗದಲ್ಲಿ ಅದೇ ರೀತಿ ಒಂದೊಂದೇ ಅಕ್ಷರವಾಗಿ ಅಂಗಡಿಯ ಹೆಸರು, ಫೋನ್ ನಂಬರು ಮೂಡಿದವು. ಅವಳು ಅಳಲಿಲ್ಲ. "ನಂಬರು ಸರಿಯಾಗಿ ಮಧ್ಯಕ್ಕೆ ಕೂತಿಲ್ಲ," ಎಂದಳು.

ಮುಂಬಯಿಯವರ ಫೋನು ಮಳೆಗಾಲಕ್ಕೆ ಮೊದಲೇ ಬಂತು. ಅವರ ಊರಿನ ಬೀದಿಬದಿಯಲ್ಲೇ ಆ ಆಟ ಸಿಗುತ್ತಿದೆಯಂತೆ, ಬೇರೆ ಹೆಸರಿನಲ್ಲಿ. ಹಂಚಿಹೋದ ಆಟ ತಮಗೆ ಬೇಡ ಎಂದರು, ಅದಲ್ಲದೆ ಅವಳೇ ಮಾಡಿದ್ದೆಂದು ಈಗ ತಾವು ಹೇಗೆ ನಂಬುವುದು ಎಂದು ಕೇಳಿದರು. ಶಶಿ ರಿಸೀವರ್ ಇಟ್ಟು, ವಿನಿಫ್ರೆಡ್ ಬಾಯಿಗೆ ಥ್ಯಾಂಕ್ಸ್ ಹೇಳಿ, ಮನೆಗೆ ಬಂದು ಕಂಪ್ಯೂಟರನ್ನು ಅದರ ಥರ್ಮೋಕೋಲಿನ ಪೆಟ್ಟಿಗೆಯಲ್ಲಿಟ್ಟು ಅವರಿಗೇ ಹಿಂದೆ ಕೊಟ್ಟಳು.

ನಾನು ಹೋಟೆಲಿಗೆ ಹೋದೆ. ಅಣ್ಣ ಗಲ್ಲಾದ ಹಿಂದೆ ಇದ್ದ.

"ಅದು ಪಾತ್ರದ ಮಾತು ಮಾರಾಯ್ತಿ. ನನ್ನ ಮಾತಾ ಅದು? ಮನಸ್ಸಿನಲ್ಲಿ ನಾನು ಅವಳ ಕಡೆಯೇ."

"ಕೈ ಎತ್ತಿದವರಿಗೆ ಅದು ಪಾತ್ರ ಅಂತ ಯಾರು ಹೇಳಿದ್ದು?"

"ಮೇಷ್ಟ್ರು ಸ್ವಲ್ಪ ಗಟ್ಟಿ ಇದ್ದಿದ್ದರೆ ನಾನು ಬಿಟ್ಟುಕೊಡ್ತಿದ್ದೆ. ಎದುರಿನವನಿಗೆ ತಾಕತ್ತೇ ಇಲ್ಲದಿದ್ದರೆ ನಾನು ಸೋಲುದಾದರೂ ಹೇಗೆ? ನೀನೇ ಹೇಳು."

"ಬಾಯಿ ಮುಚ್ಚಿದರೆ ಸಾಕಿತ್ತು."

ಅವನಿಗೆ ನಿಜವಾಗಿಯೂ ನೋವಾಯಿತು. ಕಣ್ಣು ಒದ್ದೆಯಾಯಿತು. "ಅವಳು ಬುದ್ಧಿವಂತೆ. ಇನ್ನೊಂದು ಮಾಡ್ಲಿ," ಎಂದ. ಅಷ್ಟರಲ್ಲಿ ಊಟ ಮುಗಿಸಿ ಬಂದ ಒಬ್ಬರು ಬೆರಳು ಒರೆಸಿಕೊಳ್ಳುತ್ತ, "ಆ ದಿನದ ನಿಮ್ಮ ಅರ್ಥ, ಶೆಟ್ರೇ! 'ಏರು ನೀನು ಎತ್ತಿದ್ದಾ?' ಅಬ್ಬ!" ಎಂದರು. ಅಣ್ಣ ಕಣ್ಣೊರೆಸಿಕೊಂಡು, ತಡೆಯಲಾರದೆ, ನಕ್ಕ.

ಶಶಿ ಇನ್ನೊಂದು ಮಾಡಲಿಲ್ಲ. ಬ್ಯಾಂಕಿನ ಪರೀಕ್ಷೆಗೆ ಕಟ್ಟಿ ಪಾಸಾದಳು. ಈಗ ಬೇರೆ ಶಾಖೆಯಲ್ಲಿ ನನ್ನ ಹಾಗೆಯೇ ಕೌಂಟರಿನಲ್ಲಿ ಕುಳಿತುಕೊಳ್ಳುತ್ತಾಳೆ. ಮಾವನ ಮನೆಯ ಮದುವೆ, ನಾಮಕರಣಗಳಿಗೆ ಹೋಗುತ್ತಾಳೆ, ಕಾಲಿಗೆ ಬೀಳುತ್ತಾಳೆ, ಊಟ ಮಾಡಿ ಬರುತ್ತಾಳೆ.

ಅವಳದ್ದನ್ನು ಒಬ್ಬನೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆಂದು ಅಣ್ಣ ಹೇಳಿದ್ದ. ನೋಡಿಕೊಳ್ಳಲಿಲ್ಲ.