ಒಂದು ಹಲಗೆ ಕಡಿಮೆಯಿದ್ದ ಬಾಗಿಲು

ನಮ್ಮ ಮನೆಯ ಮುಂಬಾಗಿಲಿಗೆ ಒಂದು ಹಲಗೆ ಕಡಿಮೆಯಿತ್ತು. ಮಗಳು ಯಿನ್‌ಹ್ವಾ ಹುಟ್ಟಿದ ದಿನ ಹಿಮ ಬಿದ್ದು ಸೌದೆಯೆಲ್ಲ ನೆನೆದುಹೋಗಿತ್ತು. ಸೂಲಗಿತ್ತಿ ಒಳಗಿನಿಂದ ಬಿಸಿನೀರು ಬಿಸಿನೀರು ಎಂದು ಕೂಗುತ್ತಿದ್ದಳು. ನನ್ನ ಗಂಡ ಕೊಡಲಿ ತಂದು ಬಾಗಿಲಿನ ಒಂದು ಹಲಗೆಯನ್ನೇ ಸೀಳಿ ಒಲೆಗೆ ಹಾಕಿದ. ನಾಳೆ ಬೇರೆ ಹಾಕ್ತೀನಿ ಅಂದ. ಆ ನಾಳೆ ಮುಂದಕ್ಕೆ ಹೋಗುತ್ತಲೇ ಇತ್ತು. ಕಲ್ಲುಕ್ವಾರಿಯಲ್ಲಿ ಗುಡ್ಡ ಜರಿದು ಅವನು ಹೋದಾಗ ಮಗಳಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಆಮೇಲೆ ಆ ಸಂದಿಯನ್ನು ಮುಚ್ಚಲು ನನಗೆ ಮನಸ್ಸು ಬರಲಿಲ್ಲ. ಅಲ್ಲಿಂದ ನೋಡಿದರೆ ಹೊಳೆಯವರೆಗಿನ ದಾರಿ ಕಾಣುತ್ತದೆ. ಹಂದಿಗೆ ಗೆಣಸಿನ ಬಳ್ಳಿ ಕೊಚ್ಚುತ್ತ ಕೂತು, ಮಗಳು ಶಾಲೆಯಿಂದ ಬರುವುದನ್ನು ನಾನು ಅಲ್ಲಿಂದಲೇ ನೋಡುತ್ತಿದ್ದೆ.

ನಮ್ಮ ಕಡೆ ಹೆಣ್ಣು ಮದುವೆಯಾಗಿ ಹೊರಡುವಾಗ ಅಳಬೇಕು. ಬರೀ ಕಣ್ಣೀರಲ್ಲ, ಹಾಡಿ ಅಳಬೇಕು. ಸಂಬಂಧ ತಂದ ದಲ್ಲಾಳಿ ಮುದುಕಿಯನ್ನು ಬೈದು, ಅತ್ತಿಗೆಯನ್ನು ಚುಚ್ಚಿ, ಅಪ್ಪನನ್ನು ಕೇಳಬಾರದ ಪ್ರಶ್ನೆ ಕೇಳಿ ಅಳಬಹುದು. ಅವತ್ತು ಆಡಿದ ಮಾತನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಮದುಮಗಳ ಆ ಹಾಡುಗಳು ಊರಿಗೆಲ್ಲ ಗೊತ್ತಿರುವವೇ. ತಾಯಿ ಅಳುವ ಹಾಡು ಮಾತ್ರ ಹಾಗಲ್ಲ. ಅದನ್ನು ಅವಳೇ ಕಟ್ಟಬೇಕು. ಮಗಳು ಹುಟ್ಟಿದಾಗಿನಿಂದ ಪಾತ್ರೆ ತೊಳೆಯುತ್ತ, ಕಳೆ ಕೀಳುತ್ತ ಒಂದೊಂದೇ ಸಾಲು ಕೂಡಿಸಿಕೊಂಡು ಹೋಗಬೇಕು. ಮಗಳು ಹೊರಡುವ ಬೆಳಗ್ಗೆ ಒಂದೇ ಸಲ ಅಳಬೇಕು. ಅದಕ್ಕೆ ಮೊದಲು ಯಾರ ಕಿವಿಗೂ ಬೀಳಕೂಡದು. "ಮೊಟ್ಟೆ ಒಡೆದು ನೋಡಿದ್ಮೇಲೆ ಮರಿ ಆಗುತ್ತಾ?" ಎನ್ನುತ್ತಿದ್ದಳು ನಮ್ಮಮ್ಮ.

ನನ್ನ ಹಾಡು ಯಿನ್‌ಹ್ವಾಳ ಜೊತೆಗೇ ಬೆಳೆದಿತ್ತು.

ಹೊಳೆಯಾಚೆಗಿನ ಹಳೇ ಕೇರಿಯನ್ನು ಒಂದು ಕಂಪನಿ ತೆಗೆದುಕೊಂಡು, ಕಂಬಗಳಿಗೆ ಎಣ್ಣೆ ಬಳಿದು, ಕೆಂಪು ದೀಪ ತೂಗುಹಾಕಿ, ಪ್ರವಾಸಿಗಳಿಗೆಂದು ತೆರೆಯಿತು. ದಿನವೂ ಅಲ್ಲಿ ಮದುಮಗಳ ಅಳುವಿನ ಆಟ ನಡೆಯಬೇಕೆಂದು ತೀರ್ಮಾನವಾಯಿತು. ಅದನ್ನು ಆಡಿಸಲು ವುಹಾನ್‌ನಿಂದ ಬಂದವನು ಗುವಾನ್. ನಾವೆಲ್ಲ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದೆವು. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ಹಳೇ ಕಾವ್ಯಗಳನ್ನು ಬಾಯಿಪಾಠ ಹೇಳುತ್ತಿದ್ದ. ನಮ್ಮ ಪಕ್ಕದ ಮನೆಯ ಪೆಂಗ್ ಅಕ್ಕನಿಗೆ ದಲ್ಲಾಳಿ ಮುದುಕಿಯ ಪಾತ್ರ ಸಿಕ್ಕಿತು.

"ಜೀವನವೆಲ್ಲ ಪುಕ್ಸಟ್ಟೆ ಬೈಸ್ಕೊಂಡೆ," ಅಂದಳು ಅವಳು, "ಈಗ ಬೈಸ್ಕೊಳ್ಳೋಕೂ ಸಂಬಳ ಕೊಡ್ತಾರಂತೆ."

ಮದುಮಗಳ ಪಾತ್ರಕ್ಕೆ ಇಬ್ಬರು ಉಳಿದರು. ಒಬ್ಬಳು ಜಿಲ್ಲೆಯ ಹಾಡುಕುಣಿತದ ತಂಡದವಳು, ಇನ್ನೊಬ್ಬಳು ನನ್ನ ಮಗಳು. ಆ ಹುಡುಗಿಯ ಗಂಟಲು ಇವಳಿಗಿಂತ ಚೆನ್ನಾಗಿತ್ತು. ಅದು ಯಿನ್‌ಹ್ವಾಗೂ ಗೊತ್ತಿತ್ತು. ಒಂದು ಮಧ್ಯಾಹ್ನ ನಾನು ಕೆಂಪು ಮೆಣಸಿನಕಾಯಿ ಕೊಚ್ಚಿ ಜೋಳದ ಹಿಟ್ಟಿಗೆ ಕಲಸಿ ಜಾಡಿಗೆ ಒತ್ತುತ್ತಿದ್ದಾಗ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ನಿನ್ನ ಹತ್ರ ಒಂದು ಹಾಡಿದೆ ಅಂತ ಗುವಾನ್ ಮೇಷ್ಟ್ರಿಗೆ ಹೇಳ್ಬಿಟ್ಟೆ."

"ಯಾವ ಹಾಡೇ?"

"ಗೊತ್ತಿಲ್ದಿರೋ ಥರ ಆಡ್ಬೇಡ. ನಾನು ಬಂದ ತಕ್ಷಣ ನೀನು ಗುನುಗೋದು ನಿಲ್ಲಿಸ್ತೀಯಲ್ಲ, ಅದು. ತಾಯಿ ಪಾತ್ರ ನಿಂಗೆ, ಮಗಳ ಪಾತ್ರ ನಂಗೆ. ನಿಜವಾದ ತಾಯಿಮಗಳು ಅಂದ್ರೆ ಆ ಹುಡುಗಿ ಎಷ್ಟು ಚೆನ್ನಾಗಿ ಹಾಡಿದ್ರೂ ಅಷ್ಟೇ."

"ಅದನ್ನ ಅಲ್ಲಿ ಅತ್ತುಬಿಟ್ರೆ ನಿನ್ನ ಮದುವೇಲಿ ಏನು ಅಳ್ಲಿ? ಟಿವಿ ಜಾಹೀರಾತು ಅಳ್ಲಾ?"

"ನಾನು ಮದ್ವೇನೇ ಆಗಲ್ಲ ಬಿಡು. ಇಲ್ಲೇ ನಿನ್ನ ತಲೆ ತಿಂದ್ಕೊಂಡು ಇರ್ತೀನಿ." ನಕ್ಕಳು. ಆಮೇಲೆ ನಗು ನಿಲ್ಲಿಸಿ, ಜಾಡಿಯ ಬಾಯಿಗೆ ಮೆತ್ತಿದ್ದ ಹಿಟ್ಟನ್ನು ಬೆರಳಲ್ಲಿ ಒರೆಸುತ್ತ ಹೇಳಿದಳು: "ಈ ಕೆಲಸ ಸಿಗ್ಲಿಲ್ಲ ಅಂದ್ರೆ ಗ್ವಾಂಗ್‌ಡಾಂಗ್‌ನ ಫ್ಯಾಕ್ಟರಿಗೇ ಹೋಗ್ಬೇಕು. ಹೊಸವರ್ಷಕ್ಕೆ ಒಂದ್ಸಲ ಬರ್ತೀನಿ. ಅಲ್ಲೀವರೆಗೂ ಆ ಸಂದೀಲಿ ಕೂತು ನೋಡ್ತಾ ಇರು."

ಮೆಣಸಿನಕಾಯಿಯ ಕೈ, ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ. ಆಯ್ತು ಅಂದೆ.

ಮೊದಲ ಸಲ ಆ ಹಾಡನ್ನು ಗುವಾನ್ ಮೇಷ್ಟ್ರ ಮುಂದೆ, ಖಾಲಿ ಅಂಗಳದಲ್ಲಿ ಅತ್ತೆ. ಯಿನ್‌ಹ್ವಾ ಎದುರಿಗೆ ನೆಲದ ಮೇಲೆ ಕೂತಿದ್ದಳು. ಅವಳ ಮುಖ ನೋಡಿ ಶುರುಮಾಡಿದೆ.

ನೀ ಹುಟ್ಟಿದ ದಿನ ಒಲೆಗೆ ಸೌದೆಯಿರಲಿಲ್ಲ ಕೂಸೇ,
ನಿಮ್ಮಪ್ಪ ಬಾಗಿಲ ಹಲಗೆ ಸೀಳಿ ನೀರು ಕಾಸಿದ.
ಬಾಗಿಲಿಗಿನ್ನೂ ಒಂದು ಹಲಗೆ ಕಡಿಮೆ ಕೂಸೇ,
ಆ ಸಂದಿಯಲಿ ನಿನ್ನ ದಾರಿ ನೋಡುತ ಕೂರಲೇನು.
ನಿನ್ನ ಪಾಲಿನ ಮೊಟ್ಟೆ ಮಾರಿ ಉಪ್ಪು ತಂದೆನಲ್ಲ ಕೂಸೇ,
ಆ ಉಪ್ಪು ಇಂದು ನನ್ನ ಕಣ್ಣಲಿ ಇಳಿಯಿತು.
ಅಪ್ಪ ಎಲ್ಲೆಂದು ಕೇಳಿದ್ದಕ್ಕೆ ನಿನಗೆ ಹೊಡೆದೆನಲ್ಲ ಕೂಸೇ,
ಆ ಕೋಲನು ಇಂದಿಗೂ ಒಲೆಗೆ ಹಾಕಲಿಲ್ಲ.

ಇನ್ನೂ ಇತ್ತು. ಎಲ್ಲ ಅತ್ತೆ. ಕೋಲಿನ ಮಾತು ಬಂದಾಗ ಯಿನ್‌ಹ್ವಾ ನನ್ನ ಮಡಿಲಿಗೆ ತಲೆಯಿಟ್ಟಳು. ಅವಳ ಬೆನ್ನು ಕುಲುಕುತ್ತಿತ್ತು. ಪೆಂಗ್ ಅಕ್ಕ ದಲ್ಲಾಳಿ ವೇಷದ ಹೂವಿನ ಕರವಸ್ತ್ರವನ್ನೇ ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಗುವಾನ್ ಮೇಷ್ಟ್ರು ಕನ್ನಡಕ ತೆಗೆದು ಗೋಡೆಯ ಕಡೆ ತಿರುಗಿದ. ಅವನೂ ನಿಜವಾಗಿ ಅತ್ತಿದ್ದ. ಅದನ್ನು ನಾನು ಇಲ್ಲವೆನ್ನುವುದಿಲ್ಲ.

"ಚಿಕ್ಕಮ್ಮ," ಅಂದ ಕನ್ನಡಕ ಹಾಕಿಕೊಳ್ಳುತ್ತ, "ಪುಸ್ತಕದಲ್ಲಿ ಸತ್ತುಹೋಗಿರೋ ಕಾವ್ಯ ನಿಮ್ಮ ಬಾಯಲ್ಲಿ ಉಸಿರಾಡ್ತಿದೆ. ಇದನ್ನ ಇವತ್ತಿನ ಜನಕ್ಕೆ ಮುಟ್ಟಿಸ್ಬೇಕು."

"ಮುಟ್ಟಿಸಿ ಮೇಷ್ಟ್ರೇ."

"ಸ್ವಲ್ಪ ಉದ್ದ ಆಯ್ತು, ಅಷ್ಟೇ."

ಹಲಗೆಯ ಸಾಲುಗಳು ಉಳಿದವು. ಮೊಟ್ಟೆ ಹೋಯಿತು, ಬಡತನ ಜಾಸ್ತಿಯಾಯಿತಂತೆ. ಕೋಲೂ ಹೋಯಿತು. "ಜನ ಮಕ್ಕಳನ್ನ ಕರ್ಕೊಂಡು ಬರ್ತಾರೆ ಚಿಕ್ಕಮ್ಮ, ಹೊಡೆಯೋ ಮಾತು ಬೇಡ." ಸಂದಿಯಲಿ ನಿನ್ನ ದಾರಿ ನೋಡುತ ಕೂರಲೇನು ಎಂಬಲ್ಲಿ ನಾನು ನಿಲ್ಲಿಸಬೇಕು. ಜನ ಚಪ್ಪಾಳೆ ಹೊಡೆಯುತ್ತಾರೆ. ಚಪ್ಪಾಳೆಗೆ ಯಿನ್‌ಹ್ವಾ ಏಳಬೇಕು.

ಇನ್ನೊಂದನ್ನೂ ಬದಲಿಸಿದ. ನಮ್ಮಲ್ಲಿ ಹೆಣ್ಣು ಹೊಸಿಲು ದಾಟುವಾಗ ಊಟದ ಕಡ್ಡಿಗಳನ್ನು ಮುಂದಕ್ಕೊಂದು ಹಿಡಿ, ಹೆಗಲ ಮೇಲಿಂದ ಹಿಂದಕ್ಕೊಂದು ಹಿಡಿ ಎಸೆಯುತ್ತಾಳೆ. ಹೋಗುವ ಮನೆಗೂ ಅನ್ನವಿರಲಿ, ಬಿಟ್ಟ ಮನೆಗೂ ಇರಲಿ ಎಂದು. ಎಸೆದ ಮೇಲೆ ಹಿಂತಿರುಗಿ ನೋಡಬಾರದು. ನೋಡಿದರೆ ಬಿಟ್ಟ ಮನೆಯ ಭಾಗ್ಯವನ್ನು ಕಣ್ಣಲ್ಲೇ ಹೊತ್ತುಕೊಂಡು ಹೋದಂತೆ.

"ತಿರುಗಿ ನೋಡ್ದೇ ಇದ್ರೆ ಮುಖಾನೇ ಕಾಣಲ್ವಲ್ಲ," ಅಂದ ಮೇಷ್ಟ್ರು. "ಎಸೆದು, ತಿರುಗಿ, ಒಂದು ನಗು. ಫೋಟೋ ಅಲ್ಲೇ ಬೀಳೋದು."

"ಹಾಗೆ ತಿರುಗಿ ನೋಡಿದ ಹುಡುಗೀನ ನಮ್ಮ ಕಾಲದಲ್ಲಿ ಅಲ್ಲೇ ನಿಲ್ಲಿಸಿ ಬೈತಿದ್ರು," ಅಂದಳು ಪೆಂಗ್ ಅಕ್ಕ.

"ಬೈಯೋದೂ ಬೈಸ್ಕೊಳ್ಳೋದೂ ನಿಮ್ಮ ಪಾತ್ರ ಅಕ್ಕ, ಅದು ಇದ್ದೇ ಇದೆ." ಎಲ್ಲರೂ ನಕ್ಕರು. ಯಿನ್‌ಹ್ವಾ ಕೂಡ.

ಕಂಪನಿಯವರು ಆಟದ ಅಂಗಳದಲ್ಲಿ ಒಂದು ಬಾಗಿಲು ಮಾಡಿಸಿದರು. ಅದಕ್ಕೂ ಒಂದು ಹಲಗೆ ಕಡಿಮೆ. ಆಟ ಮುಗಿದ ಮೇಲೆ ಪ್ರವಾಸಿಗಳು ಆ ಸಂದಿಯಲ್ಲಿ ಮುಖ ಇಟ್ಟು ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎರಡು ಬೆರಳು ಎತ್ತಿ ಹಿಡಿದು, ನಾಲಿಗೆ ಚಾಚಿ. ಮೊದಮೊದಲು ನಾನು ಆ ಕಡೆ ನೋಡುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಅಳುವೂ ಹಾಗೇ ಆಯಿತು. ಬಾಯಿ ಅಳುತ್ತಿರುವಾಗ ಮನೆಯಲ್ಲಿ ಹೊಗೆಗೆ ತೂಗುಹಾಕಿದ ಮಾಂಸವನ್ನು ಬೆಕ್ಕು ಎಳೆದೀತೇ ಎಂದು ಮನಸ್ಸು ಯೋಚಿಸುತ್ತಿತ್ತು.

ಆದರೂ ಒಂದು ಸಮಾಧಾನವಿತ್ತು. ಮೊಟ್ಟೆಯ ಸಾಲು, ಕೋಲಿನ ಸಾಲು, ಅದರ ಮುಂದಿನವು ನನ್ನಲ್ಲೇ ಇದ್ದವು. ಆ ಖಾಲಿ ಅಂಗಳ ಬಿಟ್ಟರೆ ಎಲ್ಲೂ ಅವನ್ನು ಅತ್ತಿರಲಿಲ್ಲ. ಅವನ್ನು ಮಗಳ ಮದುವೆಗೆ ಇಟ್ಟುಕೊಂಡೆ. ದಿನವೂ ಸಂಜೆ ಇಬ್ಬರೂ ಒಟ್ಟಿಗೆ ಹೊಳೆ ದಾಟಿ ಮನೆಗೆ ಬರುತ್ತಿದ್ದೆವು. ಅವಳು ಚಹಾದೆಲೆಯನ್ನು ಎಣ್ಣೆಯಲ್ಲಿ ಬಾಡಿಸಿ ಎಣ್ಣೆಚಹಾ ಕುದಿಸಿ ಹುರಿದ ಅರಳು ಹಾಕಿ ಕೊಡುತ್ತಿದ್ದಳು. ಇದಕ್ಕಾಗಿ ತಾನೇ ಹಾಡು ಕೊಟ್ಟಿದ್ದು ಎಂದುಕೊಳ್ಳುತ್ತಿದ್ದೆ.

ಆಟದಲ್ಲಿ ಮದುಮಗನಿಗೆ ಬೇರೆ ನಟನಿರಲಿಲ್ಲ. ನೋಡಲು ಬಂದವರಲ್ಲೇ ಒಬ್ಬನನ್ನು ಪೆಂಗ್ ಅಕ್ಕ ಕೈಹಿಡಿದು ಎಳೆದು ತಂದು ಕೆಂಪು ಪಟ್ಟಿ ಕಟ್ಟುತ್ತಿದ್ದಳು. ಹಾಗೆ ಎಳೆದು ತಂದವರಲ್ಲಿ ನಿಂಗ್ಬೋ ಕಡೆಯ ಒಬ್ಬ ಹುಡುಗನಿದ್ದ. ಬಂದರಿನಲ್ಲಿ ಕೆಲಸ, ನಾಚಿಕೆಯ ಸ್ವಭಾವ. ಪಟ್ಟಿ ಬಿಚ್ಚಿ ಹೋದವನು ಮುಂದಿನ ರಜೆಗೆ ಮತ್ತೆ ಬಂದ. ಅದರ ಮುಂದಿನದಕ್ಕೂ ಬಂದ.

"ಇಷ್ಟು ಜನರನ್ನ ಎಳ್ಕೊಂಡು ಬಂದೆ, ಒಬ್ಬನಾದ್ರೂ ನಿಜವಾಗ್ಲೂ ಕಚ್ಕೊಂಡ್ನಲ್ಲ," ಅಂದಳು ಪೆಂಗ್ ಅಕ್ಕ. ಮಗಳು ಅವನನ್ನೇ ಮದುವೆಯಾಗ್ತೀನಿ ಅಂದಳು.

ನಿಂಗ್ಬೋ ಗ್ವಾಂಗ್‌ಡಾಂಗ್‌ಗಿಂತ ಹತ್ತಿರವೇನಲ್ಲ. ಹುಡುಗ ಒಳ್ಳೆಯವನು, ತಪ್ಪು ಹುಡುಕಲು ಏನೂ ಇರಲಿಲ್ಲ. ನಾನು ಹುಡುಕಿಯೂ ನೋಡಿದೆ.

ಮದುವೆಯನ್ನು ಆಟದ ಅಂಗಳದಲ್ಲೇ ಮಾಡೋಣ, ಖರ್ಚೆಲ್ಲ ಕಂಪನಿಯದು ಎಂದು ಗುವಾನ್ ಮೇಷ್ಟ್ರು ಕೇಳಿದ. ಅದೊಂದನ್ನು ನಾನು ಒಪ್ಪಲಿಲ್ಲ.

"ನನ್ನ ಮಗಳು ನನ್ನ ಬಾಗಿಲಿಂದ ಹೊರಡ್ತಾಳೆ ಮೇಷ್ಟ್ರೇ."

"ಸರಿ ಚಿಕ್ಕಮ್ಮ. ನಿಮ್ಮ ಬಾಗಿಲೇ ಅಸಲಿ ಅಲ್ವಾ," ಅಂದ.

ಹೊರಡುವ ಹಿಂದಿನ ದಿನ ಮಗಳ ತಲೆ ಬಾಚುತ್ತ ಹೇಳಿದೆ: "ನಾಳೆ ನಾನು ಬೇರೆ ಸಾಲು ಅಳ್ತೀನಿ. ಅವರು ತೆಗೆದುಹಾಕಿದ್ದು. ಅದು ಮುಗಿಯೋತನಕ ನೀನು ಏಳ್ಬೇಡ."

"ಯಾವುದಮ್ಮಾ? ಕೋಲಿಂದಾ?"

"ನೆನಪಿದೆಯಾ?"

ಬಾಚಣಿಗೆಯ ಕೆಳಗೆ ಅವಳ ತಲೆ ಅಲ್ಲಾಡಿತು. "ಅದನ್ನ ಅಳು," ಅಂದಳು. "ನಾನೂ ಅವತ್ತು ಕೊಡಬೇಕಾಗಿದ್ದ ಉತ್ತರ ಕೊಡ್ತೀನಿ." ಏನು ಉತ್ತರ ಎಂದು ಕೇಳಲಿಲ್ಲ. ಹೊರಡುವ ಬೆಳಗ್ಗೆಗೆ ಮೊದಲು ಕೇಳಬಾರದು.

ಬೆಳಗಾಗುತ್ತಿದ್ದಂತೆ ಅಂಗಳ ತುಂಬಿತು. ಹುಡುಗನ ಕಡೆಯವರು ದೊಡ್ಡ ಬಸ್ಸಿನಲ್ಲಿ ಬಂದಿದ್ದರು. ಅವರೆಲ್ಲ ನಮ್ಮ ಆಟವನ್ನು ಫೋನಿನಲ್ಲಿ ನೋಡಿದವರು. ಬಂದವರೇ ಬಾಗಿಲಿನ ಮುಂದೆ ನಿಂತರು. "ಇದೇ ಅಲ್ವಾ ಆ ಬಾಗಿಲು?" ಎಂದು ಒಬ್ಬ ಹೆಂಗಸು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಸಂದಿಯಲ್ಲಿ ಮುಖ ಇಟ್ಟಳು. ಅವಳ ಗಂಡ ಫೋನು ಎತ್ತಿದ. ಹಿಂದೆ ಸಾಲು ನಿಂತಿತು. ನಮ್ಮೂರಿನವರೇ ಸಾಲನ್ನು ಸರಿಮಾಡಿದರು, ಅವರಿಗೂ ಅಭ್ಯಾಸವಾಗಿತ್ತು.

ಯಿನ್‌ಹ್ವಾ ಕೆಂಪು ಬಟ್ಟೆಯುಟ್ಟು ಬಂದು ನನ್ನೆದುರು ಕೂತಳು. ಫೋನುಗಳು ಎದ್ದವು. ಮೊಟ್ಟೆಯ ಸಾಲಿನಿಂದ ಶುರುಮಾಡಬೇಕೆಂದು ನಾನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆ. ಬಾಯಿ ತೆರೆದೆ. ನೀ ಹುಟ್ಟಿದ ದಿನ ಎಂದೇ ಬಂತು. ಅಳು ಆ ದಾರಿಯಲ್ಲಿ ಅಷ್ಟು ನಡೆದಿತ್ತು. ಬೇರೆ ಕಡೆ ತಿರುಗಲಿಲ್ಲ. ಇರಲಿ, ಇದು ಮುಗಿದ ಮೇಲೆ ಅದು ಬರುತ್ತದೆ ಎಂದುಕೊಂಡೆ. ಸೌದೆ ಆಯಿತು, ಹಲಗೆ ಆಯಿತು. ಸಂದಿಯಲಿ ನಿನ್ನ ದಾರಿ ನೋಡುತ ಕೂರಲೇನು ಎಂದು ಅತ್ತು, ಮುಂದಿನ ಸಾಲಿಗೆ ಉಸಿರು ಎಳೆದುಕೊಂಡೆ.

ಆ ಉಸಿರಿನ ಜಾಗದಲ್ಲಿ ಚಪ್ಪಾಳೆ ಬಿತ್ತು. ಇಡೀ ಅಂಗಳ ಹೊಡೆಯಿತು. ಹುಡುಗನ ಕಡೆಯವರು, ನಮ್ಮ ಕಡೆಯವರು, ಎಲ್ಲರೂ.

ಚಪ್ಪಾಳೆಗೆ ಯಿನ್‌ಹ್ವಾ ಎದ್ದು ನಿಂತಳು.

ಅವಳು ಬೇಕೆಂದು ಏಳಲಿಲ್ಲ. ಅವಳ ಮೊಣಕಾಲು ಎದ್ದಿತು. ಎದ್ದ ಮೇಲೆ ಅವಳಿಗೂ ಗೊತ್ತಾಯಿತು; ನನ್ನ ಕಡೆ ನೋಡಿದಳು, ಬಾಯಿ ಸ್ವಲ್ಪ ತೆರೆಯಿತು. ಅಷ್ಟರಲ್ಲಿ ಅಣ್ಣನ ಲೆಕ್ಕದ ಹುಡುಗನೊಬ್ಬ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡ, ಯಾರೋ ಕಡ್ಡಿಯ ಹಿಡಿಗಳನ್ನು ಕೈಗಿಟ್ಟರು, ತುತ್ತೂರಿಯವನು ಊದಿದ. "ಕೂಸೇ" ಎಂದೆ. ತುತ್ತೂರಿಯ ಕೆಳಗೆ ಅದು ನನಗೇ ಕೇಳಿಸಲಿಲ್ಲ.

ಹೊಸಿಲಲ್ಲಿ ಅವಳು ಮುಂದಕ್ಕೊಂದು ಹಿಡಿ ಎಸೆದಳು. ಹೆಗಲ ಮೇಲಿಂದ ಹಿಂದಕ್ಕೊಂದು ಎಸೆದಳು. ಕಡ್ಡಿಗಳು ನನ್ನ ಕಾಲ ಹತ್ತಿರ ಬಂದು ಬಿದ್ದವು. ಆಮೇಲೆ ತಿರುಗಿ ನೋಡಿ ನಕ್ಕಳು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಇಳಿಯುತ್ತಿತ್ತು, ತುಟಿ ಮೇಷ್ಟ್ರು ಹೇಳಿಕೊಟ್ಟ ಹಾಗೆ ನಗುತ್ತಿತ್ತು. ಕಣ್ಣು ನನ್ನ ಕಡೆ ಇರಲಿಲ್ಲ. ಆಟದಲ್ಲಿ ಕ್ಯಾಮೆರಾ ಇಡುತ್ತಿದ್ದ ಎಡಗಡೆಗೆ ನೋಡುತ್ತಿದ್ದಳು. ಅಲ್ಲಿ ನಮ್ಮ ಮನೆಯ ಹಂದಿಗೂಡು ಮಾತ್ರ ಇತ್ತು.

"ಅಯ್ಯೋ, ತಿರುಗಿ ನೋಡಿದ್ಳಲ್ಲೇ," ಅಂದಳು ಪೆಂಗ್ ಅಕ್ಕ ನನ್ನ ತೋಳು ಹಿಡಿದು.

ಬಸ್ಸು ಹೊಳೆಯ ತಿರುವು ದಾಟುವುದನ್ನು ಸಂದಿಯಿಂದ ನೋಡಲಿಲ್ಲ. ಅಲ್ಲಿ ಇನ್ನೂ ಯಾರೋ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಿದ್ದ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ, ತೊಳೆದು, ಬುಟ್ಟಿಗೆ ಹಾಕಿದೆ. ಒಬ್ಬಳಿಗೆ ಎಷ್ಟು ಕಡ್ಡಿ ಬೇಕು.

ಒಂದು ವಾರ ಬಿಟ್ಟು ಬಡಗಿಯನ್ನು ಕರೆದು ಬಾಗಿಲಿಗೆ ಹಲಗೆ ಹಾಕಿಸಿದೆ. ಹೊಸ ಹಲಗೆ ಬೆಳ್ಳಗೆ, ಉಳಿದವು ಹೊಗೆ ಹಿಡಿದು ಕಪ್ಪಗೆ. ಯಿನ್‌ಹ್ವಾ ಫೋನು ಮಾಡಿದಾಗ ಅದನ್ನು ಹೇಳಲಿಲ್ಲ. ಊಟ ಆಯ್ತಾ ಎಂದು ಅವಳು ಕೇಳಿದಳು, ಆಯ್ತು ಅಂದೆ. ಅಲ್ಲಿ ಸಮುದ್ರದ ಮೀನು ವಾಸನೆ ಅಂದಳು. "ಅಮ್ಮಾ, ಅವತ್ತು..." ಎಂದು ಶುರುಮಾಡಿದಳು. ಆ ಕಡೆ ಯಾರೋ ಕರೆದರು. ಮತ್ತೆ ಮಾಡ್ತೀನಿ ಅಂದಳು.

ಗುವಾನ್ ಮೇಷ್ಟ್ರು ಜಿಲ್ಲೆಯ ತಂಡದ ಆ ಹುಡುಗಿಯನ್ನೇ ಮದುಮಗಳ ಪಾತ್ರಕ್ಕೆ ಕರೆಸಿದ. ಮೊದಲೇ ಹೇಳಿದೆನಲ್ಲ, ಅವಳ ಗಂಟಲು ಚೆನ್ನಾಗಿದೆ. ಒಳ್ಳೆಯ ಹುಡುಗಿ, ಬಂದ ದಿನವೇ ನನಗೆ ಬಿಸಿನೀರು ತಂದುಕೊಟ್ಟಳು. ನನ್ನೆದುರು ನೆಲದ ಮೇಲೆ ಕೂತು ಕೆಂಪು ಬಟ್ಟೆಯ ಮಡಿಕೆ ಸರಿಮಾಡಿಕೊಂಡಳು. ಜನ ಬಂದು ಬೆಂಚುಗಳ ಮೇಲೆ ಕೂರುತ್ತಿದ್ದರು.

"ಅಮ್ಮಾ," ಅಂದಳು ಮೆತ್ತಗೆ. ಮದುಮಗಳಾದವಳು ನನ್ನನ್ನು ಹಾಗೇ ಕರೆಯಬೇಕು, ಪಾತ್ರ ಅದು. "ನೀವು ಕೂರಲೇನು ಅಂತ ನಿಲ್ಲಿಸ್ತೀರಲ್ಲ, ಆಮೇಲೆ ಇನ್ನೇನಾದ್ರೂ ಇದೆಯಾ?"

"ಏನೂ ಇಲ್ಲ ಮಗಳೇ," ಅಂದೆ. "ಚಪ್ಪಾಳೆ ಬೀಳುತ್ತೆ. ನೀನು ಎದ್ದುಬಿಡು."